ಹಸಿರು ಗೆರೆ

ನಾನು ಅವರನ್ನು ಮೊದಲ ಸಲ ನೋಡಿದ್ದು ಮೇಜಿನ ಕೆಳಗೆ. ಪೂರ್ತಿ ಅವರನ್ನಲ್ಲ, ಎರಡು ಕಾಲು ಮತ್ತು ಹಿಮ್ಮಡಿ ಸವೆದ ಒಂದು ಜೊತೆ ಬೂಟು.

ಅಂದು ನಮ್ಮ ಶಾಲೆಯ ಕಂಪ್ಯೂಟರ್ ರೂಮಿನಲ್ಲಿ ಟೀಚರ್‌ಗಳಿಗೆಲ್ಲ ತರಬೇತಿ. ಪಾಠ ಮಾಡಲು ಫೋನು, ಪ್ರೊಜೆಕ್ಟರ್, ಆಪ್‌ಗಳನ್ನು ಹೇಗೆ ಬಳಸಬೇಕೆಂದು ಕಲಿಸಲು ಯಾರೋ ಬರುವವರಿದ್ದರು. ಕುರ್ಚಿಗಳನ್ನು ಎಣಿಸಿ ನೋಡೋಣವೆಂದು ನಾನು ಅರ್ಧ ಗಂಟೆ ಮುಂಚೆಯೇ ಹೋಗಿದ್ದೆ. ಹಿಂದಿನ ಸಂಜೆಯೇ ಒಮ್ಮೆ ಎಣಿಸಿದ್ದೆ. ಆದರೂ.

"ನೋಡಪ್ಪ, ಆ ಕಿಟಕಿ ಪಕ್ಕದ ಪ್ಲಗ್ ಸಡಿಲ ಇದೆ. ಅದನ್ನೂ ಸ್ವಲ್ಪ ನೋಡ್ಬಿಡು," ಎಂದೆ ಬೂಟಿಗೆ. "ಹತ್ತು ಗಂಟೆಗೆ ಟ್ರೈನಿಂಗ್ ಸಾರ್ ಬರ್ತಾರೆ. ದೊಡ್ಡ ಮನುಷ್ಯರಂತೆ."

"ಎಷ್ಟು ದೊಡ್ಡವರಂತೆ?" ಎಂದಿತು ಮೇಜಿನ ಕೆಳಗಿನ ದನಿ.

"ನನಗೇನು ಗೊತ್ತು? ಇಂಥವರೆಲ್ಲ ಬರ್ತಾರೆ, ಬಾಯಿಗೆ ಬಂದ ಹಾಗೆ ಇಂಗ್ಲಿಷ್ ಮಾತಾಡ್ತಾರೆ, ಕಾಫಿ ಕುಡಿದು ಹೋಗ್ತಾರೆ."

"ಟೀ ಆದ್ರೂ ಪರವಾಗಿಲ್ಲ ಟೀಚರ್."

ತಲೆ ಹೊರಗೆ ಬಂತು. ಕೂದಲಲ್ಲಿ ಜೇಡರಬಲೆ, ಕೊರಳಲ್ಲಿ ಹಾರದಂತೆ ಸುತ್ತಿಕೊಂಡ ಉದ್ದನೆಯ ಕೇಬಲ್, ತುಟಿಯ ಮೂಲೆಯಲ್ಲಿ ತಡೆದಿಟ್ಟ ನಗು. "ಆ ದೊಡ್ಡ ಮನುಷ್ಯ ನಾನೇ. ಪ್ಲಗ್ ಸರಿಯಾಯ್ತು, ನೋಡಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ನಾನು ಮತ್ತೆ ಕುರ್ಚಿಗಳನ್ನು ಎಣಿಸತೊಡಗಿದೆ.

ಅಂದಿನಿಂದ ಇಡೀ ಶಾಲೆಗೆ ಅವರು 'ಕೇಬಲ್ ಸಾರ್'. ನನಗೆ ಮೊದಲೇ ಒಂದು ಅಡ್ಡಹೆಸರಿತ್ತು, 'ಕೆಂಪು ಪೆನ್ನು'. ಮಕ್ಕಳ ಗಣಿತದ ಪುಸ್ತಕವಿರಲಿ, ನೋಟಿಸ್ ಬೋರ್ಡಿನ ಸುತ್ತೋಲೆಯಿರಲಿ, ತಪ್ಪು ಕಂಡರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಬೇರೆಯವರ ತಪ್ಪು ಹುಡುಕುವ ಜಂಬ ಅದಲ್ಲ. ಹಗಲು ಅಂಗಡಿಯಲ್ಲಿ ಬಟ್ಟೆ ಮಡಚಿ, ಸಂಜೆ ಕಾಲೇಜಿನಲ್ಲಿ ಓದಿ ಡಿಗ್ರಿ ಪಡೆದವಳು ನಾನು. ಎಲ್ಲಿ ನನ್ನದೇ ತಪ್ಪು ಸಿಕ್ಕಿಬೀಳುತ್ತದೋ ಎಂಬ ಭಯ, ಅಷ್ಟೇ.

ಪ್ರತಿ ಬುಧವಾರ ತರಬೇತಿ. ಮಕ್ಕಳು ಕೈಯಲ್ಲಿ ಕಾರ್ಡು ಎತ್ತಿ ಹಿಡಿದರೆ ಅದನ್ನು ನಮ್ಮ ಫೋನು ನೋಡಿ ಯಾರ ಉತ್ತರ ಸರಿ, ಯಾರದು ತಪ್ಪು ಎಂದು ಕ್ಷಣದಲ್ಲಿ ಹೇಳುವ ಕ್ವಿಜ್. ಓದಲು ಹೆದರುವ ಮಗುವಿಗೆ ದನಿಯಲ್ಲೇ ಷರಾ ಕಳಿಸುವ ವಿಧಾನ. ಅವರು ಯಾವ ಹೊಸ ಸಲಕರಣೆ ತೋರಿಸಿದರೂ ಕೊನೆಗೊಂದು ಮಾತು ಹೇಳುತ್ತಿದ್ದರು: "ಇದು ನಿಮ್ಮ ಪಾಠಕ್ಕೆ ಬೇಕಾ ಅಂತ ಮೊದಲು ಕೇಳ್ಕೊಳ್ಳಿ. ಬೇಡ ಅಂದ್ರೆ ಸೀಮೆಸುಣ್ಣವೇ ಸಾಕು."

ಐದನೆಯ ಬುಧವಾರ ಅವರು ಹಂಚಿಕೊಳ್ಳುವ ಫೈಲು ಕಲಿಸಿದರು. ಇಬ್ಬರು ಎರಡು ಊರಿನಲ್ಲಿ ಕೂತು ಒಂದೇ ಹಾಳೆಯಲ್ಲಿ ಬರೆಯಬಹುದು. ಯಾರು ಎಲ್ಲಿ ಬರೆಯುತ್ತಿದ್ದಾರೆಂದು ತೋರಿಸಲು ಅಲ್ಲಲ್ಲಿ ಒಂದೊಂದು ಬಣ್ಣದ ಗೆರೆ ಮಿನುಗುತ್ತದೆ. ಬಣ್ಣವನ್ನು ಫೈಲೇ ಆರಿಸುತ್ತದೆ. ಫೈಲು ತೆರೆದವರ ಗುರುತು ಮೇಲಿನ ಮೂಲೆಯಲ್ಲೂ ಅದೇ ಬಣ್ಣದಲ್ಲಿ ಕಾಣುತ್ತದೆ. ನನಗೆ ಸಿಕ್ಕಿದ್ದು ಕೆಂಪು.

ಇಡೀ ರೂಮು ಗೊಳ್ಳೆಂದಿತು. "ಫೈಲಿಗೂ ಗೊತ್ತಾಯ್ತಲ್ಲೇ ನಿನ್ನ ಬಂಡವಾಳ!" ಎಂದರು ಹೆಡ್‌ಮಿಸ್.

ಕೇಬಲ್ ಸಾರ್ ಅವರದು ಹಸಿರು.

ಎಂಟನೇ ತರಗತಿಯ ಗಣಿತದ ಪಾಠಯೋಜನೆಯನ್ನು ನಾವಿಬ್ಬರೂ ಸೇರಿ ಬರೆಯಬೇಕೆಂದು ತೀರ್ಮಾನವಾಯಿತು. ಸಾಲು ಸಾಲು ಖಾನೆಗಳು: ದಿನ, ಪಾಠ, ಬಳಸುವ ಸಲಕರಣೆ, ಮಕ್ಕಳ ಪ್ರಶ್ನೆ, ಕೊನೆಗೆ 'ಅಭಿಪ್ರಾಯ'. ಸಂಜೆ ಅಕ್ಕನ ಹೊಲಿಗೆ ಮಿಷನ್ನಿನ ಸದ್ದಿನ ನಡುವೆ ನಾನು ಬರೆಯುತ್ತ ಕೂತರೆ, ಎಲ್ಲಿಂದಲೋ ಹಸಿರು ಗೆರೆ ಬಂದು ನನ್ನ ಸಾಲಿನ ಪಕ್ಕದಲ್ಲಿ ನಿಲ್ಲುತ್ತಿತ್ತು. ಏನೂ ಬರೆಯದೆ, ಸುಮ್ಮನೆ ಮಿನುಗುತ್ತ.

ಒಂದು ದಿನ ನಾನು ಅಭಿಪ್ರಾಯದ ಖಾನೆಯಲ್ಲಿ ಬರೆದೆ: "ಸಾರ್, ಏನಾದರೂ ಬೇಕಿತ್ತಾ?"

"ಏನಿಲ್ಲ. ನೀವು ಬರೆಯೋದು, ಅಳಿಸೋದು, ಮತ್ತೆ ಬರೆಯೋದು ನೋಡ್ತಿದ್ದೆ. 'ನಮಸ್ಕಾರ'ನ ಮೂರು ಸಲ ಅಳಿಸಿದ್ರಿ. ಅದರಲ್ಲೇನು ತಪ್ಪಿತ್ತು?"

ಮುಖ ಕಾದ ಹೆಂಚಾಯಿತು. ನಾನು ಫೈಲು ಮುಚ್ಚಿಬಿಟ್ಟೆ. ಅಕ್ಕ ಸೂಜಿಗೆ ದಾರ ಪೋಣಿಸುತ್ತ ನನ್ನನ್ನೇ ನೋಡಿದಳು.

"ಯಾರೇ ಅದು?"

"ಪಾಠಯೋಜನೆ."

"ಪಾಠಯೋಜನೆ ನೋಡಿ ಯಾರೂ ಹೀಗೆ ಬೆರಳಿಗೆ ಸೆರಗು ಸುತ್ತಿಕೊಳ್ಳಲ್ಲ ಕಣೇ."

ಒಂಬತ್ತನೆಯ ಬುಧವಾರದ ತರಬೇತಿಗೆ ಮಾತ್ರ ನಾನು ಹೋಗಲಾಗಲಿಲ್ಲ. ವಿಜ್ಞಾನದ ಟೀಚರ್ ರಜೆ ಹಾಕಿದ್ದರಿಂದ ಅವರ ತರಗತಿಯನ್ನು ನೋಡಿಕೊಳ್ಳಬೇಕಾಯಿತು. ಸಂಜೆ ಗೇಟಿನ ಹತ್ತಿರ ಸಿಕ್ಕಾಗ ಅವರು ಹೇಳಿದರು, "ಒಂದು ಪಾಠ ಬಾಕಿ ಉಳಿಸ್ಕೊಂಡ್ರಿ ನೀವು. ಯಾವಾಗಲಾದ್ರೂ ಹೇಳಿಕೊಡ್ತೀನಿ."

"ಹೋಂವರ್ಕ್ ಕೊಟ್ಟುಬಿಡಿ ಸಾರ್, ಮಾಡ್ಕೊಂಡು ಬರ್ತೀನಿ."

"ಇದು ಮನೇಲಿ ಕೂತು ಮಾಡೋದಲ್ಲ. ಪಕ್ಕದಲ್ಲಿ ಕೂತು ತೋರಿಸಬೇಕು," ಎಂದು ಕೊರಳಿನ ಕೇಬಲ್ಲನ್ನು ಬೆರಳಿಗೆ ಸುತ್ತಿಕೊಂಡರು. ಬಿಚ್ಚಿದರು. ಮತ್ತೆ ಸುತ್ತಿಕೊಂಡರು. ಇಬ್ಬರ ಕಣ್ಣೂ ಕೇಬಲ್ಲಿನ ಮೇಲೆಯೇ ಇತ್ತು.

ಆ ಪಾಠ ಬಾಕಿಯೇ ಉಳಿಯಿತು.

ಕೊನೆಯ ಬುಧವಾರ, ಎಲ್ಲರೂ ಹೋದ ಮೇಲೆ, ನಾನು ಕಾರ್ಡುಗಳನ್ನು ಎಣಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆ. ಅವರು ಪ್ರೊಜೆಕ್ಟರ್ ಆರಿಸಿ ನನ್ನ ಎದುರಿಗೆ ಬಂದು ನಿಂತರು.

"ದೂರದ ಕೇಂದ್ರ ಕಚೇರಿಗೆ ಕರೆದಿದ್ದಾರೆ ಟೀಚರ್. ದೊಡ್ಡ ಕೆಲಸ. ಸೋಮವಾರ ಬೆಳಗ್ಗೆ ಬಸ್ಸು. ಇನ್ನೂ ಹೂಂ ಅಂದಿಲ್ಲ."

"ಯಾಕೆ?"

"ಉಹೂಂ ಅನ್ನೋಕೆ ಒಂದು ಕಾರಣ ಸಿಗುತ್ತೇನೋ ಅಂತ." ಅವರು ನನ್ನ ಕೈಯಲ್ಲಿದ್ದ ಕಾರ್ಡುಗಳನ್ನು ನೋಡಿದರು. "ನೀವು ಹೇಳಿ. ಹೋಗಲಾ, ಇರಲಾ?"

ಗಂಟಲಿನವರೆಗೆ ಬಂದದ್ದು ಒಂದೇ ಶಬ್ದ. ಆದರೆ ನಾನು ಯಾವ ಮಾತನ್ನೂ ಮೊದಲು ರಫ್ ಕಾಪಿಯಲ್ಲಿ ನೋಡದೆ ಆಡಿದವಳಲ್ಲ.

"ಬರೆದು ತಿಳಿಸ್ತೀನಿ ಸಾರ್," ಎಂದೆ.

ಅವರು ನಕ್ಕರು. "ಮಾರ್ಕ್ಸ್ ಕಾರ್ಡಾ?" ನಗು ಕಣ್ಣಿನವರೆಗೆ ಹೋಗಲಿಲ್ಲ. "ಸರಿ. ನಮ್ಮ ಫೈಲಿನಲ್ಲೇ ಬರೀರಿ. ಕೊನೆಯ ಖಾನೆ ಖಾಲಿ ಇದೆ."

ಮರುದಿನ ಸಂಜೆ ಆ ಖಾನೆಯ ಮುಂದೆ ಕೂತೆ. 'ಹೋಗಬೇಡಿ' ಎಂದು ಬರೆದೆ. ಆಜ್ಞೆಯಂತೆ ಕಂಡಿತು, ಅಳಿಸಿದೆ. 'ನೀವು ಇಲ್ಲೇ ಇದ್ದರೆ ನನಗೆ ಸಂತೋಷ' ಎಂದು ಬರೆದೆ. ನನ್ನ ಸಂತೋಷಕ್ಕಾಗಿ ಒಬ್ಬರ ಭವಿಷ್ಯ ಹಾಳಾಗಬೇಕೆ? ಅಳಿಸಿದೆ. 'ನನಗಾಗಿ ಇರಿ.' ಇದನ್ನು ಬರೆದು ಎಷ್ಟೋ ಹೊತ್ತು ನೋಡಿದೆ. ಈ ಸಂಜೆ ಕಾಲೇಜಿನವಳಿಗಾಗಿ ಒಬ್ಬರು ದೊಡ್ಡ ಕೆಲಸ ಬಿಟ್ಟು, ಹತ್ತು ವರ್ಷದ ನಂತರ ಊಟದ ತಟ್ಟೆಯ ಮುಂದೆ ಕೂತು ಪಶ್ಚಾತ್ತಾಪ ಪಡುವುದು ಕಣ್ಣಿಗೆ ಕಟ್ಟಿತು. ಅಳಿಸಿದೆ.

"ಬಟ್ಟೆನ ಒಂದಲ್ಲ ಒಂದು ಸಲ ಕತ್ತರಿಸಲೇಬೇಕು ಕಣೇ," ಎಂದಳು ಅಕ್ಕ, ತಲೆ ಎತ್ತದೆ. "ಅಳತೆ ತೆಗೀತಾನೇ ಕೂತ್ರೆ ರವಿಕೆ ಆಗಲ್ಲ."

"ತಪ್ಪು ಕತ್ತರಿಸಿದ್ರೆ?"

"ತೇಪೆ ಹಾಕಿ ತೊಡೋದು. ಬರೀ ಮೈಯಲ್ಲಿ ಇರೋಕಾಗುತ್ತಾ?"

ನಾನು ಬರೆಯುತ್ತಿದ್ದಷ್ಟು ಹೊತ್ತೂ ಹಸಿರು ಗೆರೆ ಪಕ್ಕಕ್ಕೆ ಬರದೆ, ನನ್ನ ಖಾನೆ ಕಾಣದಷ್ಟು ಮೇಲೆ, ಫೈಲಿನ ಮೊದಲ ಸಾಲಿನಲ್ಲೇ ನಿಂತಿತ್ತು. ಹನ್ನೊಂದನೆಯ ಸಲ ನಾನು ಬರೆದದ್ದು ಹೀಗಿತ್ತು: 'ಒಳ್ಳೆಯ ಅವಕಾಶ. ದಯವಿಟ್ಟು ಬಿಡಬೇಡಿ. ತಮಗೆ ಶುಭವಾಗಲಿ.' ಒಂದೂ ತಪ್ಪಿರಲಿಲ್ಲ. ಹಾಗೇ ಬಿಟ್ಟೆ.

ಶುಕ್ರವಾರ ಅವರು ಕಂಪ್ಯೂಟರ್ ರೂಮಿನ ಬೀಗದ ಕೈ ಒಪ್ಪಿಸಲು ಬಂದಿದ್ದರು. ಕಾರಿಡಾರಿನಲ್ಲಿ ಎದುರಾದರು. ಕೊರಳಲ್ಲಿ ಕೇಬಲ್ ಇರಲಿಲ್ಲ. ಅದಿಲ್ಲದೆ ಅವರು ಯಾರದೋ ಮನೆಗೆ ಬಂದ ನೆಂಟರಂತಿದ್ದರು.

"ಓದಿದೆ ಟೀಚರ್."

"ಹೂಂ."

"ಒಂದು ಕೇಳಲಾ? ನೀವು ಅಳಿಸಿದ್ದನ್ನ ನಾನು ನೋಡಬಹುದಾ?"

ಅಳಿಸಿದ್ದು ಅಳಿಸಿ ಹೋಯಿತು. ಅದನ್ನು ನೋಡುವುದು ಹೇಗೆ? ತಮಾಷೆ ಮಾಡುತ್ತಿದ್ದಾರೆ, ನನ್ನ ಮುಜುಗರ ಕಡಿಮೆ ಮಾಡಲು ಹೀಗೆ ಹೇಳುತ್ತಿದ್ದಾರೆ ಅಂದುಕೊಂಡೆ. ನಾನೂ ಹಗುರಾಗಿಯೇ ಹೇಳಿದೆ, "ಯಾರೂ ನೋಡಬಾರದು ಅಂತಲೇ ಅಲ್ವಾ ಸಾರ್ ಅಳಿಸೋದು?"

ಅವರು ನನ್ನನ್ನು ನೋಡಿದರು. ಲೆಕ್ಕ ಮುಗಿದ ಮೇಲೂ ಬೋರ್ಡನ್ನೇ ನೋಡುತ್ತ ನಿಲ್ಲುವ ಮಕ್ಕಳ ಹಾಗೆ.

"ಸರಿ ಟೀಚರ್. ನೋಡಲ್ಲ."

ಸೋಮವಾರ ಎರಡನೆಯ ಪೀರಿಯಡ್. ಬೋರ್ಡಿನ ಮೇಲೆ ಪ್ರೊಜೆಕ್ಟರಿನಿಂದ ನಮ್ಮ ಪಾಠಯೋಜನೆಯ ಲೆಕ್ಕಗಳು ಮೂಡಿದ್ದವು. ನಾನು ಸಮೀಕರಣದ ಒಂದು ಹೆಜ್ಜೆಯನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಹಿಂದಿನಿಂದ ಮಕ್ಕಳ ಗುಸುಗುಸು.

"ಮಿಸ್, ಹಸಿರು ಬಂತು! ಮೇಲೆ ಮೂಲೇಲಿ. ಯಾರೋ ಬಂದಿದ್ದಾರೆ!"

"ಬಂದ್ರೆ ಬರ್ಲಿ. ಈ ಸಾಲು ಬರ್ಕೊಳ್ಳಿ ಮೊದಲು."

ಮಕ್ಕಳ ಮುಂದೆ ಅವಸರ ತೋರಿಸಬಾರದು. ಸಾಲು ಮುಗಿಸಿದೆ, ಕೈ ಒರೆಸಿಕೊಂಡೆ, ಲ್ಯಾಪ್‌ಟಾಪಿನ ಹತ್ತಿರ ಬಂದು ಫೈಲನ್ನು ಕೆಳಗಿನವರೆಗೆ ಸರಿಸಿದೆ. ಹಸಿರು ಹೋಗಿಬಿಟ್ಟಿತ್ತು. ನನ್ನ ಶುಭಾಶಯದ ಕೆಳಗೆ ಬಿಳಿ ಖಾನೆ ಬಿಳಿಯಾಗಿಯೇ ಇತ್ತು.

ಹನ್ನೊಂದು ತಿಂಗಳ ನಂತರ ಟೀಚರ್‌ಗಳ ಗ್ರೂಪಿಗೆ ಅವರ ಮದುವೆಯ ಕರೆಯೋಲೆ ಬಂತು. ಎಲ್ಲರೂ ಹೂವಿನ ಚಿತ್ರ ಹಾಕಿದರು. ನಾನು 'ಶುಭಾಶಯಗಳು' ಎಂದು ಬರೆದು, ಮೂರು ಸಲ ಓದಿ ಕಳಿಸಿದೆ.

ಅದಾಗಿ ಮತ್ತೊಂದು ವರ್ಷ. ಹೊಸದಾಗಿ ಸೇರಿದ ಟೀಚರ್‌ಗಳಿಗೆ ತರಬೇತಿ ಕೊಡಬೇಕೆಂದು ಹೆಡ್‌ಮಿಸ್ ನನ್ನನ್ನೇ ಹಿಡಿದರು. "ನನಗೆ ಅಷ್ಟೆಲ್ಲ ಬರಲ್ಲ ಮಿಸ್" ಎಂದೆ. "ಬರಲ್ಲ ಅಂತ ಗೊತ್ತಿರೋರೇ ಚೆನ್ನಾಗಿ ತಯಾರಿ ಮಾಡ್ಕೊಳ್ಳೋದು, ಹೋಗು" ಎಂದರು.

ಕೇಬಲ್ ಸಾರ್ ಶಾಲೆಗೆಂದು ಬಿಟ್ಟುಹೋಗಿದ್ದ ಟಿಪ್ಪಣಿಗಳನ್ನು ತರಬೇತಿಯ ಮೊದಲ ದಿನ ಮಧ್ಯಾಹ್ನ, ಯಾರೂ ಬರುವ ಮೊದಲೇ ಖಾಲಿ ಕಂಪ್ಯೂಟರ್ ರೂಮಿನಲ್ಲಿ ತೆರೆದೆ. ಮೊದಲ ಎಂಟು ಪಾಠ ನನಗೆ ಗೊತ್ತಿತ್ತು. ಒಂಬತ್ತನೆಯದರ ತಲೆಬರಹ: 'ಅಳಿಸಿದ್ದು ಎಲ್ಲಿಗೆ ಹೋಗುತ್ತದೆ?'

ಕೆಳಗೆ ಅವರ ಮಾತು: 'ಎಲ್ಲಿಗೂ ಹೋಗುವುದಿಲ್ಲ. ಹಂಚಿಕೊಂಡ ಫೈಲು ಯಾರು, ಯಾವಾಗ, ಏನು ಬರೆದರು, ಏನು ಅಳಿಸಿದರು ಎಂಬುದನ್ನೆಲ್ಲ ಇಟ್ಟುಕೊಂಡಿರುತ್ತದೆ. ಮೇಲಿನ ಗಡಿಯಾರದ ಗುರುತನ್ನು ಒತ್ತಿದರೆ ಕಾಣುತ್ತದೆ. ಎಚ್ಚರಿಕೆ: ಬರೆದವರನ್ನು ಕೇಳದೆ ನೋಡಬೇಡಿ. ಮಗು ಅಳಿಸುವುದು ಉತ್ತರ ಗೊತ್ತಿಲ್ಲದ್ದಕ್ಕಲ್ಲ, ನಾಚಿಕೆಯಿಂದ.'

ಅದನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದಲು ಅಕ್ಷರ ಕಾಣಲಿಲ್ಲ.

ಅವರು ತಮಾಷೆ ಮಾಡಿರಲಿಲ್ಲ. ಅನುಮತಿ ಕೇಳಿದ್ದರು. ನಾನು ನಗುನಗುತ್ತ ಇಲ್ಲ ಎಂದಿದ್ದೆ.

ಹಳೆಯ ಪಾಠಯೋಜನೆ ತೆರೆದು ಗಡಿಯಾರವನ್ನು ಒತ್ತಿದೆ. ಒಂದೊಂದಾಗಿ ಬಂದವು, ಕೆಂಪು ಬಣ್ಣದಲ್ಲಿ, ಹನ್ನೊಂದೂ. 'ಹೋಗಬೇಡಿ.' 'ನೀವು ಇಲ್ಲೇ ಇದ್ದರೆ.' 'ನನಗಾಗಿ ಇರಿ.' ಅಂದು ಅಳಿಸುತ್ತ ಕೂತಿದ್ದ ಆ ಹುಡುಗಿಯ ಕೈ ಹಿಡಿದು ನಿಲ್ಲಿಸಬೇಕೆನ್ನಿಸಿತು.

ಆಮೇಲೆ, ಎಲ್ಲಕ್ಕಿಂತ ಕೊನೆಗೆ, ಹಸಿರು. ಆ ಸೋಮವಾರ, ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷ. ನನ್ನ ಬೆನ್ನ ಹಿಂದೆ ಮಕ್ಕಳು ಕೂಗಿದ ಹೊತ್ತು.

'ಟೀಚರ್, ಬಸ್ಸು ಹತ್ತೂವರೆಗೆ. ಇನ್ನೂ ಇಪ್ಪತ್ತು ನಿಮಿಷ ಇದೆ.'

ಎರಡೇ ನಿಮಿಷ ಅದು ಅಲ್ಲಿತ್ತು, ಆಮೇಲೆ ಅವರೇ ಅಳಿಸಿದ್ದರು. ನಾನು ಒಂದು ಸಾಲು ಮುಗಿಸಿ ಕೈ ಒರೆಸಿಕೊಳ್ಳುವಷ್ಟು ಹೊತ್ತು. ಬಸ್ ನಿಲ್ದಾಣ ಶಾಲೆಯಿಂದ ನಡೆದರೆ ಹತ್ತು ನಿಮಿಷ. ಓಡಿದ್ದರೆ ಐದು.

ಹೊರಗೆ ಬೆಲ್ಲು ಹೊಡೆಯಿತು. ಹೊಸ ಟೀಚರ್‌ಗಳು ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು. ಮುಂದಿನ ಕುರ್ಚಿಯಲ್ಲಿ ಕೂತ ಹುಡುಗಿ, "ಮಿಸ್, ಕಣ್ಣಿಗೆ ಏನಾಯ್ತು?" ಎಂದಳು.

"ಸೀಮೆಸುಣ್ಣದ ಧೂಳು."

"ಇಲ್ಲಿ ವೈಟ್‌ಬೋರ್ಡ್ ಅಲ್ವಾ ಮಿಸ್?"

"ಒಂದು ನಿಮಿಷ ಕೂತ್ಕೊಳ್ಳಮ್ಮ," ಎಂದು ನಾನು ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ.

ಆ ಬಿಳಿ ಖಾನೆಯಲ್ಲಿ ಬೆರಳಿಟ್ಟೆ. ರಫ್ ಕಾಪಿ ಇಲ್ಲದೆ ಬರೆದೆ: 'ಬಂದೆ. ಹೊರಡಬೇಡಿ.' ಅವಸರದಲ್ಲಿ ಒಂದು ಅಕ್ಷರ ತಪ್ಪಿತು. ತಿದ್ದಲಿಲ್ಲ. ಎರಡು ನಿಮಿಷ ಅದನ್ನು ಅಲ್ಲೇ ಇರಲು ಬಿಟ್ಟೆ, ಅವರದು ಇದ್ದಷ್ಟೇ ಹೊತ್ತು. ಆಮೇಲೆ ಅಳಿಸಿದೆ.

ಅದು ಎಲ್ಲಿಗೂ ಹೋಗುವುದಿಲ್ಲ. ಅವರ ಹಸಿರು ಸಾಲಿನ ಕೆಳಗೇ ಇರುತ್ತದೆ. ಅವರು ನೋಡುವುದಿಲ್ಲ, ನೋಡಲ್ಲ ಎಂದು ಮಾತು ಕೊಟ್ಟಿದ್ದಾರೆ.

ನಾನು ಕೊರಳಿಗೆ ಕೇಬಲ್ ಹಾಕಿಕೊಂಡು ಎದ್ದು ನಿಂತೆ. "ಇವತ್ತು ಒಂಬತ್ತನೇ ಪಾಠದಿಂದ ಶುರು ಮಾಡೋಣ," ಎಂದೆ. "ಇದನ್ನ ಯಾರೂ ತಪ್ಪಿಸ್ಕೊಬಾರದು."