ಹಿಂದಿನಿಂದ ಕರೆಯದವಳು

"ಕೀ ತೆಗೀರಿ! ಮೊದ್ಲು ಕೀ ತೆಗೀರಿ ಸಾ!"

ಜೀಪಿನ ಕಿಟಕಿಯೊಳಗೆ ಒಂದು ಕೈ ನುಗ್ಗಿತು. ಹಾರನ್ ಒತ್ತಲು ಹೊರಟಿದ್ದ ಮಲ್ಲಿಕಾರ್ಜುನಸ್ವಾಮಿ ಬೆಚ್ಚಿಬಿದ್ದ. ಯಾರೋ ಹುಡುಗಿ! ಸ್ಕೂಟಿಯನ್ನು ರಸ್ತೆ ಪಕ್ಕ ಬಿಟ್ಟು ಓಡಿ ಬಂದವಳು, ಎಂಜಿನ್ ಆರಿಸಿ ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಿಟ್ಟಿದ್ದಳು.

"ಏಯ್, ಯಾರಮ್ಮ ನೀನು..."

ಅವಳು ತುಟಿಯ ಮೇಲೆ ಬೆರಳಿಟ್ಟಳು.

ಲೊಕ್ಕನಹಳ್ಳಿ ದಾಟಿದ ಮೇಲೆ ಸಿಗುವ ಕಾಡಂಚಿನ ತಿರುವು ಅದು. ಪೊದೆ ಅಲುಗಿತು. ಒಂದು ಹೆಣ್ಣಾನೆ, ಅದರ ಕಾಲಡಿಯಲ್ಲಿ ಒಂದು ಮರಿ. ಜೀಪಿನಿಂದ ನಾಲ್ಕು ಮಾರು ದೂರದಲ್ಲಿ ರಸ್ತೆ ದಾಟಿ, ಆತುರವೇ ಇಲ್ಲದೆ ಎದುರಿನ ಪೊದೆಯೊಳಗೆ ಮರೆಯಾದವು.

ಅಲ್ಲಿಯವರೆಗೂ ಅವಳ ಬೆರಳು ತುಟಿಯ ಮೇಲೇ ಇತ್ತು. ಅವನ ಕಣ್ಣು ಆನೆಯ ಮೇಲಿರಲಿಲ್ಲ, ಅದು ಬೇರೆ ವಿಷಯ!

"ಮರಿ ಜೊತೆಗಿದ್ದಾಗ ಹಾರನ್ ಒಡೀಬಾರ್ದು ಸಾ. ಸುಮ್ಕೆ ಕೂತ್ಕಂಡ್ರೆ ಅವೇ ಓಯ್ತವೆ."

"ಸರಿ. ಈಗ ಕೀ ಕೊಡ್ತೀಯಾ, ಇಲ್ಲಾ ಮನೆಗೆ ತಕಂಡೋಯ್ತೀಯಾ?"

ಆ ಹುಡುಗಿ ಮಾಲಿನಿ ನಾಚಿ ನೀರಾದಳು. ಕೀ ಅವನ ಕೈಗೆ ಹೋಯಿತು. ಹೃದಯ ಯಾರ ಕೈಗೆ ಹೋಯಿತೋ, ಆ ಲೆಕ್ಕ ಇಬ್ಬರೂ ಅಂದು ಕೇಳಿಕೊಳ್ಳಲಿಲ್ಲ.

ಮಲ್ಲಿಕಾರ್ಜುನಸ್ವಾಮಿ ಯಳಂದೂರಿನವನು. ಎರಡು ಜೀಪು ಇಟ್ಟುಕೊಂಡು ಪ್ರವಾಸಿಗರನ್ನು ಬೆಟ್ಟ, ಕಾಡು ಸುತ್ತಿಸುತ್ತಿದ್ದ. ಮಾಲಿನಿ ಲೊಕ್ಕನಹಳ್ಳಿಯವಳು, ಕೊಳ್ಳೇಗಾಲದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ. ಅದೆಷ್ಟು ಜನರಿಗೆ ರಕ್ತ ಪರೀಕ್ಷೆ ಮಾಡಿಸುವ ಹುಕಿ ಹತ್ತೀತೋ ಹೇಳಲಾಗದು, ಆದರೆ ಆ ವರ್ಷ ಅವನಿಗೆ ಹತ್ತಿದ್ದಂತೂ ನಿಜ. ಸಕ್ಕರೆ ಕಾಯಿಲೆ ಇಲ್ಲದವನು ತಿಂಗಳಿಗೊಮ್ಮೆ ಬೆರಳು ಚುಚ್ಚಿಸಿಕೊಂಡ. ಕೊನೆಗೆ ಮನೆಯವರೇ ಮಾತಾಡಿ ಮದುವೆ ಗೊತ್ತುಮಾಡಿದರು.

"ನೋಡು ಮಾಲಿನಿ, ಇಷ್ಟ್ ವರ್ಸದಿಂದ ಬೇರೆಯೋರ್ನ ಕೂರಿಸ್ಕಂಡು ಕಾಡು ತೋರಿಸ್ತಾ ಇದೀನಿ. ಒಂದ್ಸಲ ನಾನೇ ಪ್ರವಾಸಿ ಆಗ್ಬೇಕು. ಪಕ್ಕದಲ್ಲಿ ನೀನು ಕೂತಿರ್ಬೇಕು!"

ಅವನ ಆ ಕನಸು ದೂರದ ನಮೀಬಿಯಾದಲ್ಲಿತ್ತು. ಆಫ್ರಿಕಾದ ನೈಋತ್ಯ ಮೂಲೆಯ ದೇಶ. ಬಾಡಿಗೆ ಜೀಪನ್ನು ನಾವೇ ಓಡಿಸಿಕೊಂಡು ಹೋಗಬಹುದು. ಗಾಡಿಯ ತಲೆ ಮೇಲೇ ಡೇರೆ ಬಿಚ್ಚಿ ಮಲಗಬಹುದು. ಅಲ್ಲಿ ಕೆಂಪು ಮರಳ ಗುಡ್ಡಗಳು, ನೀರಿಲ್ಲದ ಹೊಳೆಗಳು... ಮರಳುಗಾಡಲ್ಲೇ ಬದುಕುವ ಆನೆಗಳು!

"ಮರಳಲ್ಲಿ ಆನೆಯಾ?" ಎಂದು ಅವಳು ಕೇಳಿದ್ದಳು.

"ಹೂಂ ಕಣೆ. ಒಣಗಿದ ಹೊಳೇಲಿ ಸೊಂಡ್ಲಲ್ಲಿ ಗುಂಡಿ ತೋಡಿ ನೀರು ಕುಡೀತವಂತೆ."

ಮದುವೆಯಾದ ಮೇಲೆ ಇಬ್ಬರೂ ಹೋಗುವುದೆಂದು ಎಲ್ಲ ಗೊತ್ತಾಗಿತ್ತು. ಅಷ್ಟರಲ್ಲಿ ಅವನ ಅಜ್ಜಿ ದೊಡ್ಡಬಸಮ್ಮ ತೀರಿಕೊಂಡರು. ಮದುವೆ ಕಾರ್ತೀಕಕ್ಕೆ ಹೋಯಿತು. ನಮೀಬಿಯಾದಲ್ಲಿ ಗೊತ್ತುಮಾಡಿದ್ದ ಗಾಡಿಯ ದಿನ ಮಾತ್ರ ಮುಂದಕ್ಕೆ ಹಾಕುವಂತಿರಲಿಲ್ಲ. ತಾಳಿ ಕಟ್ಟದೆ ಹುಡುಗಿಯನ್ನು ಜೊತೆಗೆ ಕರೆದೊಯ್ಯುವ ಮಾತು ಯಾರ ಬಾಯಲ್ಲೂ ಬರುವಂತಿರಲಿಲ್ಲ.

ಹೊರಡುವ ದಿನ ಅವನು ಲೊಕ್ಕನಹಳ್ಳಿಗೆ ಬಂದು ಅವಳ ಮನೆ ಬಾಗಿಲಲ್ಲಿ ನಿಂತ.

"ನೀನು ಬ್ಯಾಡ ಅಂದ್ರೆ ಓಗಲ್ಲ. ಓಗ್ಬುಟ್ಟು ಬಾ ಅಂದ್ರೆ ಕುಸಿಯಾಗಿ ಓಯ್ತೀನಿ. ಏನಾರ ಒಂದು ಮಾತು ಯೋಳು..."

ಮಾಲಿನಿ ಮುಖ ತಿರುಗಿಸಿ ಒಳಗೆ ಹೋಗಿಬಿಟ್ಟಳು.

ಹೆಣ್ಣು ಮಾತಾಡದೆ ಒಳಗೆ ಹೋದರೆ ಗಂಡಿಗೆ ತೋಚುವುದೇನು? ಮುನಿಸು, ಇಲ್ಲವೇ ತಾತ್ಸಾರ. ಅದಕ್ಕಿಂತ ಆಚೆಗೆ ಆ ಬಡಪಾಯಿಯ ಬುದ್ಧಿ ಓಡುವುದಿಲ್ಲ. ಮಲ್ಲಿಕಾರ್ಜುನಸ್ವಾಮಿ ಸ್ವಲ್ಪ ಹೊತ್ತು ಕಾದ. ಆಮೇಲೆ ಚಪ್ಪಲಿ ಮೆಟ್ಟಿ ಹೊರಟ.

ಬಾಗಿಲ ಹಿಂದೆ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡು ಅವಳು ಅತ್ತಿದ್ದು ಅವನಿಗೆ ಹೇಗೆ ಗೊತ್ತಾಗಬೇಕು?

ಕಾಡಂಚಿನ ಆ ಮನೆಯಲ್ಲಿ ಒಂದು ನೇಮವಿತ್ತು. ಹೊಲ ಕಾಯಲು ಗಂಡಸರು ಹೊರಟರೆ ಹೆಂಗಸರು ಮಾತಾಡುವುದಿಲ್ಲ. ಹಿಂದಿನಿಂದ ಕರೆಯುವುದಂತೂ ಇಲ್ಲವೇ ಇಲ್ಲ. ಮುಖ ತಿರುಗಿಸಿ ಒಳಗೆ ಹೋಗಬೇಕು. ಹೋದವರು ಹೋದ ಕಾಲಲ್ಲೇ ಸುಖವಾಗಿ ಬರಲಿ ಅಂತ.

ಚಿಕ್ಕವಳಿದ್ದಾಗ ಮಾಲಿನಿ ಆ ನೇಮ ಮರೆತಳು. ಜೋಳದ ಹೊಲಕ್ಕೆ ಹೊರಟಿದ್ದ ತಂದೆ ಮಾದಣ್ಣನನ್ನು "ಅಪ್ಪೋ! ನಂಗೊಂದು ಜೋಳದ ತೆನೆ ತಕಂಡ್ ಬಾ!" ಎಂದು ಕೂಗಿಬಿಟ್ಟಳು. ಅಪ್ಪ ಹಿಂತಿರುಗಿ ಬಂದು, ಕೆನ್ನೆ ಹಿಂಡಿ, ನಕ್ಕು ಹೋದ.

ಹೊತ್ತು ಮುಳುಗುವ ಮೊದಲೇ ಆನೆ ತುಳಿದ ಸುದ್ದಿ ಬಂತು. ಅಪ್ಪನ ಮುಷ್ಟಿಯಲ್ಲಿ ತೆನೆ ಹಾಗೇ ಇತ್ತಂತೆ.

"ಹಿಂದ್ಲಿಂದ ಕರೆದ್ಬುಟ್ಲಲ್ಲಾ ಮಗ..." ಎಂದಿದ್ದಳು ಯಾವುದೋ ಮುದುಕಿ. ಬೇಕೆಂದು ಅಂದದ್ದಲ್ಲ. ಆದರೆ ಆ ಮಾತು ಮಾಲಿನಿಯ ಎದೆಯಲ್ಲಿ ಬೇರುಬಿಟ್ಟು ಕೂತಿತು. ಈ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಮಲ್ಲಿಕಾರ್ಜುನಸ್ವಾಮಿಗೂ!

ಬಾಡಿಗೆ ಗಾಡಿಯಲ್ಲಿದ್ದ ಉಪಗ್ರಹ ಯಂತ್ರದಿಂದ ಅದು ಎಲ್ಲಿದೆಯೆಂದು ಮೊಬೈಲಿನಲ್ಲಿ ನೋಡಬಹುದಿತ್ತು. ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ. ಹೋಗುವ ಮುನ್ನ ಅವನೇ ಅದರ ಲಿಂಕ್ ಕಳಿಸಿದ್ದ. ಲ್ಯಾಬಿನಲ್ಲಿ ರಕ್ತದ ಕೊಳವೆಗಳ ನಡುವೆ ಮಾಲಿನಿ ಆ ಚುಕ್ಕೆಯನ್ನೇ ನೋಡುತ್ತಿದ್ದಳು. ಮರಳ ಗುಡ್ಡ ದಾಟಿತು. ಸಮುದ್ರದ ಬದಿಗೆ ಬಂತು. ಉತ್ತರಕ್ಕೆ ತಿರುಗಿತು. ಅವನಿಂದ ಒಂದು ಫೋಟೋ ಇಲ್ಲ, ಒಂದು ಮಾತಿಲ್ಲ. ಕೋಪ ಬಂದಿರಬೇಕು. ಬರಲಿ, ಕ್ಷೇಮವಾಗಿದ್ದರೆ ಸಾಕು!

ಒಂದು ಬೆಳಿಗ್ಗೆ ಚುಕ್ಕೆ ಒಣಗಿದ ಹೊಳೆಯೊಂದರ ಮಧ್ಯೆ ನಿಂತಿತು. ಮಧ್ಯಾಹ್ನವಾದರೂ ಅಲ್ಲೇ. ಸಂಜೆಯಾದರೂ ಅಲ್ಲೇ.

ಫೋನ್ ಮಾಡಿದಳು. ಹೋಗಲಿಲ್ಲ. ಗಾಡಿ ಬಾಡಿಗೆಗೆ ಕೊಟ್ಟವರಿಗೆ, ಬಾಯಿಗೆ ಬಂದ ಇಂಗ್ಲಿಷಿನಲ್ಲಿ, ನಡುಗುತ್ತಾ ಮಾಡಿದಳು. ಆ ಕಡೆಯವನು ಸಮಾಧಾನದಿಂದಲೇ ಹೇಳಿದ: ಅಲ್ಲಿ ನೆಟ್‌ವರ್ಕ್ ಇಲ್ಲ, ಜನ ಅಲ್ಲಲ್ಲೇ ಡೇರೆ ಹಾಕಿ ತಂಗುತ್ತಾರೆ, ನಾಳೆಯೂ ಅಲುಗದಿದ್ದರೆ ಯಾರನ್ನಾದರೂ ಕಳಿಸುತ್ತೇವೆ.

ನಾಳೆ! ನಾಳೆಯವರೆಗೆ ಅವಳು ಏನು ಮಾಡಬೇಕು? ಯಾರ ಕಾಲು ಹಿಡಿಯಬೇಕು? ಕೊಳ್ಳೇಗಾಲದಲ್ಲಿ ನಿಂತು ಆಫ್ರಿಕಾದ ಮರಳನ್ನು ತೋಡಲಾದೀತೇ?

'ನಾನು ಕರೀಲೇ ಇಲ್ಲ... ಆದ್ರೂ ಯಾಕಿಂಗಾಯ್ತು? ಬ್ಯಾಡ ಅಂದಿದ್ರೆ ಓಗ್ತಾನೇ ಇರ್ಲಿಲ್ವಲ್ಲಾ...'

ಕಾಲು ತಾನಾಗಿಯೇ ಅವಳನ್ನು ಯಳಂದೂರಿನ ಬಸ್ಸಿಗೆ ಹತ್ತಿಸಿತು.

ಅವನ ತಾಯಿ ಶಿವರತ್ನಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಮಗ ಹೋಗಿರುವುದು ಮೈಸೂರಿಗಿಂತ ದೂರ ಎಂಬುದಷ್ಟೇ ಅವರಿಗೆ ಗೊತ್ತು. ಸೊಸೆಯಾಗುವವಳ ಮುಖ ನೋಡಿದ್ದೇ ಮೊರ ಕೆಳಗಿಟ್ಟರು.

"ಏನವ್ವಾ? ಯಾಕಿಂಗ್ ಬಂದೆ?"

ಮಾಲಿನಿ ಮೊಬೈಲ್ ತೋರಿಸಿ, ಅವನ ಗಾಡಿ ಬೆಳಿಗ್ಗೆಯಿಂದ ಅಲುಗಿಲ್ಲವೆಂದಳು. ಚುಕ್ಕೆ ಅಲ್ಲೇ ಇತ್ತು.

ಶಿವರತ್ನಮ್ಮ ತುಂಬಾ ಹೊತ್ತು ಆ ಚುಕ್ಕೆ ನೋಡಿದರು. ಆದರೆ ಕೇಳಿದ್ದು ಬೇರೆಯೇ.

"ಓಗೋವಾಗ ನೀನು ಮಕ ತಿರಿಗಿಸ್ಕಂಡ್ಯಂತೆ? 'ಅವಳ್ಗೆ ನಾನು ಬ್ಯಾಡ ಅನ್ಸುತ್ತೆ ಕಣವ್ವ' ಅಂತ ನನ್ ಮುಂದೆ ಕಣ್ಣೀರಾಕ್ಬುಟ್ಟು ಓದ."

ಇಷ್ಟು ವರ್ಷ ಕಟ್ಟಿಟ್ಟಿದ್ದೆಲ್ಲ ಒಡೆಯಿತು. ಅಪ್ಪ, ತೆನೆ, ಮುದುಕಿಯ ಮಾತು, ಮನೆಯ ನೇಮ... ಬಿಕ್ಕುತ್ತಾ ಎಲ್ಲವನ್ನೂ ಹೇಳಿದಳು.

ಶಿವರತ್ನಮ್ಮ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

"ಅಯ್ಯೋ ನನ್ ಕಂದ... ನಮ್ ಕಡೆ ಗದ್ದೆ ಬಯಲು. ಓಗೋರ್ಗೆ ಬಾಯ್ತುಂಬ 'ಓಗ್ಬುಟ್ಟು ಬಾ' ಅಂತೀವಿ. ಅದ ಕೇಳ್ದೇನೆ ನನ್ ಮಗ ಓದ್ನಲ್ಲಾ! ನಿಂದೂ ತಪ್ಪಿಲ್ಲ, ಅವಂದೂ ತಪ್ಪಿಲ್ಲ. ಆನೆ ಬಂದಿದ್ದು ಜೋಳಕ್ಕೆ ಕಣವ್ವ, ನಿನ್ ಕೂಗಿಗಲ್ಲ. ಈಗ ಕರಿ ಅವನ್ನ. ಫೋನಲ್ಲೇ ಕರಿ."

"ನೆಟ್‌ವರ್ಕ್ ಇಲ್ಲ ಅತ್ತೆ..."

"ಕರಿ ಕಣವ್ವ. ಏನೂ ಆಗಲ್ಲ, ಕರಿ."

ಮಾಲಿನಿ ಧ್ವನಿ ಸಂದೇಶದ ಬಟನ್ ಒತ್ತಿ ಹಿಡಿದಳು. ಬಾಯಿ ತೆರೆದಳು. ಧ್ವನಿ ಹೊರಡಲಿಲ್ಲ! "ಕರಿ ಕಣವ್ವ" ಎಂದು ಪಕ್ಕದಿಂದ ಶಿವರತ್ನಮ್ಮ ಮತ್ತೆ ಅಂದರು, ಅವಳಿಂದ ಉಸಿರಷ್ಟೇ ಬಂತು. ಬೆರಳು ಜಾರಿತು. ಆ ಖಾಲಿ ಸಂದೇಶವೇ ಹೊರಟುಹೋಯಿತು. ಒಂದೇ ಟಿಕ್ಕು.

ಆ ರಾತ್ರಿ ಅತ್ತೆ ಸೊಸೆ ಇಬ್ಬರೂ ಉಣ್ಣಲಿಲ್ಲ. ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಾ, ಒಬ್ಬರಿಗೆ ಕಾಣದಂತೆ ಒಬ್ಬರು ಅಳುತ್ತಾ ಗೋಡೆಗೊರಗಿ ಕೂತರು. ಬೇರೆ ಏನು ತಾನೇ ಮಾಡಲಾಗುತ್ತಿತ್ತು?

ಮರುದಿನ ಮಧ್ಯಾಹ್ನ ಚುಕ್ಕೆ ಅಲುಗಿತು.

"ಅತ್ತೇ!"

ಬಹಳ ಹೊತ್ತಿನ ಮೇಲೆ ಒಂದು ಸಾಲು ಬಂತು. 'ಗಾಡಿ ಮರಳಲ್ಲಿ ಹೂತಿತ್ತು. ಈಗ ಚೆನ್ನಾಗಿದೀನಿ. ಅವ್ವಂಗೆ ಹೇಳು.' ಅಷ್ಟೇ. ಅವಳ ಖಾಲಿ ಸಂದೇಶಕ್ಕೆ ಎರಡು ಟಿಕ್ಕು ಬಿದ್ದಿತ್ತು. ಉತ್ತರ ಬರಲಿಲ್ಲ. ಖಾಲಿ ಸಂದೇಶಕ್ಕೆ ಏನೆಂದು ಉತ್ತರ ಕೊಡಬೇಕು ಪಾಪ!

ಅವನು ವಾಪಸು ಬರುವ ದಿನ ಮಾಲಿನಿ ಹೇಳದೆ ಕೇಳದೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಳು. ಬೆಂಗಳೂರಿನ ಬಸ್ಸು ಬಂತು. ಅವನು ಇಳಿದ. ಬಿಸಿಲಿಗೆ ಕರ್ರಗಾಗಿದ್ದ, ಸೊರಗಿದ್ದ. ಜನರ ನಡುವೆ ಅವಳು ಅವನಿಗೆ ಕಾಣಲಿಲ್ಲ. ಬ್ಯಾಗನ್ನು ಹೆಗಲಿಗೇರಿಸಿ ಯಳಂದೂರಿನ ಬಸ್ಸಿನ ಕಡೆ ನಡೆದ.

ಅವನ ಬೆನ್ನು ದೂರವಾಗುತ್ತಿತ್ತು. ಅವತ್ತು ಅಪ್ಪನ ಬೆನ್ನು ದೂರವಾಗಿದ್ದ ಹಾಗೇ.

'ಕರೀಬೇಕು... ಈಗ ಕರೀದೇ ಇದ್ರೆ ಇನ್ಯಾವತ್ತೂ ಕರೆಯಾಕಾಗಲ್ಲ...'

"ರೀ!"

ಅಕ್ಕಪಕ್ಕದ ಗಂಡಸರೆಲ್ಲ ತಿರುಗಿ ನೋಡಿದರು. ಅವನೊಬ್ಬನೇ ತಿರುಗಲಿಲ್ಲ. ಅವಳು ಹಾಗೆ ಕರೆಯುವುದನ್ನು ಎಂದೂ ಕೇಳದವನು ಅವನು!

ಮಾಲಿನಿ ಕಣ್ಣು ಮುಚ್ಚಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

"ಮಲ್ಲಿಕಾರ್ಜುನಸ್ವಾಮೀ!"

ಇಡೀ ಬಸ್ ಸ್ಟ್ಯಾಂಡೇ ನಿಂತಿತು. ಕಡಲೆಕಾಯಿ ಮಾರುವ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾಲಿನಿ ಕಣ್ಣು ತೆರೆದಾಗ ಅವನು ಎದುರಿಗೇ ಇದ್ದ. ಏನೂ ಆಗಿರಲಿಲ್ಲ. ಅವನು ಬಂದಿದ್ದ, ಅಷ್ಟೇ.

"ಕರೆದ್ಯಾ?"

ಅವಳು ತಲೆಯಾಡಿಸಿದಳು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

"ನಿಮಗೆ ಎಲ್ಲಾ ಯೋಳ್ಬೇಕು. ನಮ್ಮಪ್ಪ..."

"ಅವ್ವ ಫೋನಲ್ಲಿ ಯೋಳವ್ಳೆ." ಅವನ ಧ್ವನಿಯೂ ಒದ್ದೆಯಾಗಿತ್ತು. "ಗಾಡಿ ಹೂತೋದಾಗ ಆನೆ ಹಿಂಡು ಬಂತು ಮಾಲಿನಿ. ಗಾಡಿ ಪಕ್ಕದಲ್ಲೇ ಗುಂಡಿ ತೋಡ್ಕಂಡು ನಿಂತ್ಬುಟ್ವು. ಕೀ ತೆಗ್ದು ಸುಮ್ಕೆ ಕೂತೆ, ನೀನು ಅವತ್ತು ಕೂರಿಸ್ದಂಗೆ. ಮಾರನೇ ದಿನ ಆ ದಾರೀಲಿ ಬಂದೋರು ಹಗ್ಗ ಕಟ್ಟಿ ಎಳೆದ್ರು. ಆಮೇಲೆ ನಿನ್ ಮೆಸೇಜ್ ಬಂತು."

"ಅದ್ರಲ್ಲಿ ಏನೂ ಇರ್ಲಿಲ್ವಲ್ಲ..."

"ಇತ್ತು. 'ಕರಿ ಕಣವ್ವ' ಅಂತ ಅವ್ವ ಅನ್ನೋದು ಇತ್ತು. ಆಮೇಲೆ ನಿನ್ ಉಸಿರಿತ್ತು. ಅದ್ನೇ ಹಾಕ್ಕಂಡು ಕೇಳ್ಕಂಡು ಮರಳುಗಾಡೆಲ್ಲಾ ದಾಟ್ದೆ. ಉತ್ರ ಬರೆಯಾಕೆ ಓದ್ರೆ ಕಣ್ಣು ಮಂಜಾಗೋದು ಕಣೆ."

ಯಳಂದೂರಿನ ಬಸ್ಸು ಹಾರನ್ ಹೊಡೆಯಿತು. ಅವನು ಅತ್ತ ಎರಡು ಹೆಜ್ಜೆ ಇಟ್ಟು, ಬೇಕೆಂದೇ ಬೆನ್ನು ಮಾಡಿ ನಿಂತ.

"ಇನ್ನೊಂದ್ಸಲ ಕರಿ."

"ಜನ ನೋಡ್ತಾವ್ರೆ..."

"ನೋಡ್ಲಿ. ಕರಿ."

ಅವಳು ಕರೆದಳು. ಈ ಸಲ ಮೆಲ್ಲಗೆ, ಅವನಿಗೊಬ್ಬನಿಗೇ ಕೇಳುವಷ್ಟು.

ಅವನು ತಿರುಗಿದ.