ಒಂಬತ್ತನೆಯ ಬೋಲ್ಟು

"ಎಂಜಿನ್ನಿನ ಮುಚ್ಚಳದಲ್ಲಿ ಒಂಬತ್ತು ತೂತಿವೆ, ಬೋಲ್ಟು ಎಂಟೇ. ಒಂಬತ್ತನೇದನ್ನ ಸ್ಟಿಯರಿಂಗ್ ಪಕ್ಕದ ಗೂಡಲ್ಲಿ ಬಟ್ಟೇಲಿ ಕಟ್ಟಿಟ್ಟಿದೀನಿ. ಬಿಚ್ಚಬೇಡಪ್ಪ. ಆ ತೂತು ಖಾಲೀನೇ ಇರ್ಲಿ."

ಇಷ್ಟು ಹೇಳುವುದರೊಳಗೇ ಮುದುಕಿಗೆ ಸುಸ್ತಾಯಿತು. ಶೆಡ್ಡಿನ ಗೋಡೆಗೆ ಒರಗಿ ನಿಂತಳು. ಮನೆ ಖಾಲಿ ಮಾಡಬೇಕಾಗಿ ಬಂದಿದ್ದರಿಂದ ಕಾರನ್ನು ಮಾರುತ್ತಿದ್ದಳೇ ಹೊರತು ಮಾರುವ ಮನಸ್ಸು ಅವಳ ಮುಖದಲ್ಲಿರಲಿಲ್ಲ. ಬಾಗಿಲು ತೆರೆದು ಎಷ್ಟು ವರ್ಷವಾಗಿತ್ತೋ, ಒಳಗೆ ಇಲಿಯ, ತುಕ್ಕಿನ, ಹಳೆಯ ಚರ್ಮದ ಸೀಟಿನ ವಾಸನೆ ಹೆಪ್ಪುಗಟ್ಟಿತ್ತು. ಅದರಡಿಯಲ್ಲೆಲ್ಲೋ ಕೂದಲು ಸುಟ್ಟಂಥ ಕಮಟು. ಕತ್ತಲೆಯಲ್ಲಿ ಆ ಕಾರು, ಅಜ್ಜಿಯ ಕತೆಯೊಳಗಿನ ಶಾಪಗ್ರಸ್ತ ಪ್ರಾಣಿಯ ಹಾಗೆ, ದುಂಡು ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿತ್ತು.

"ಬೋಲ್ಟು ಹಾಕಿದ್ರೆ ಏನಾಗುತ್ತಮ್ಮ? ದೆವ್ವ ಬಂದು ಗಾಡಿ ಓಡಿಸುತ್ತಾ? ಓಡಿಸ್ಲಿ ಬಿಡಿ, ನಾನು ಹಿಂದೆ ಕೂತು ನಿದ್ದೆ ಮಾಡ್ತೀನಿ," ಎಂದು ಕಾರು ಕೊಳ್ಳಲು ಬಂದವನು ನಕ್ಕ.

ಮುದುಕಿ ನಗಲಿಲ್ಲ. "ಯಾರಿಗೋಸ್ಕರ ತಗೊಳ್ತಿದೀಯ?"

"ನಮ್ಮಕ್ಕನಿಗೆ."

ಕೀ ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ಅವನೇ ಆ ಒಣಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೀ ತೆಗೆದುಕೊಂಡ.

ಅವನ ಕಸುಬು ಮರದ, ಚರ್ಮದ, ಉಕ್ಕಿನ ಕಾಲು ಮಾಡುವುದು. ಕಾಲು ಕಳೆದುಕೊಂಡವರು ಮೊಂಡುಕಾಲಿಗೆ ತಾಯತ ಕಟ್ಟಿಕೊಂಡು ಬರುತ್ತಿದ್ದರು. ಅವನು ಮೊದಲು ತಾಯತ ಬಿಚ್ಚಿ, ಆಮೇಲೆ ಅಳತೆ ತೆಗೆಯುತ್ತಿದ್ದ. ನಡೆಸುವುದು ಸ್ಕ್ರೂ, ಮಂತ್ರವಲ್ಲ ಎನ್ನುತ್ತಿದ್ದ. ಇಪ್ಪತ್ತು ವರ್ಷ ಅದನ್ನೇ ಹೇಳಿ ಹೇಳಿ ಅವನಿಗೂ ಬೇಸರ ಬಂದಿತ್ತು. ತಂದೆತಾಯಿ ಹೋದಾಗ ಅವನಿಗೆ ಆರು, ಅಕ್ಕನಿಗೆ ಹದಿನಾರು. ಅವತ್ತಿನಿಂದ ಅವನಿಗೆ ಅಕ್ಕನೇ ಎಲ್ಲ. ಅಕ್ಕ ಕರೆಯುತ್ತಿದ್ದ 'ತಮ್ಮ' ಎಂಬುದೇ ಬೀದಿಯವರ ಬಾಯಲ್ಲೂ ಅವನ ಹೆಸರಾಗಿತ್ತು.

ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳುವವಳು. ಮೂವತ್ತು ವರ್ಷದಿಂದ ಊರಿಗೆಲ್ಲ ಪರಿಚಯದ ದನಿ. ಸಂಜೆ ಮನೆಗೆ ಬಂದರೆ ಗಂಟಲಿಗೆ ರಜೆ. ಊಟಕ್ಕೆ ಕೂತು ತಟ್ಟೆಯ ಅಂಚನ್ನು ಒಮ್ಮೆ ಕುಟ್ಟಿದರೆ ಬೇಕು, ಎರಡು ಸಲ ಕುಟ್ಟಿದರೆ ಸಾಕು. ಇಬ್ಬರೇ ಇರುವ ಮನೆಗೆ ಅಷ್ಟು ಭಾಷೆ ಧಾರಾಳವಾಗಿತ್ತು.

ಒಂದು ದಿನ ಮಾತ್ರ ಅಕ್ಕ ಬಾಯಿಬಿಟ್ಟು ಹೇಳಿದ್ದಳು: "ಎಲ್ಲರನ್ನೂ ಹತ್ತಿಸಿ ಕಳ್ಸಿದೀನಿ ಕಣೋ, ನಾನೇ ಎಲ್ಲಿಗೂ ಹೋಗ್ಲಿಲ್ಲ. ಅಪ್ಪ ಯಾರದೋ ಕಾರು ಓಡಿಸ್ತಿದ್ರಲ್ಲ, ದುಂಡು ದೀಪದ್ದು? ಒಂದ್ಸಲ ಮುಂದಿನ ಸೀಟಲ್ಲಿ ಕೂತಿದ್ದಕ್ಕೆ ಒಡೆಯರು ಕಿವಿ ಹಿಂಡಿ ಇಳಿಸಿದ್ರು."

ಆ ದಿನವೇ ತಮ್ಮ ಅಂಥ ಕಾರಿನ ಹುಡುಕಾಟಕ್ಕೆ ಬಿದ್ದದ್ದು.

ಎಳೆಸಿಕೊಂಡು ತಂದ ಕಾರಿನ ಸುತ್ತ ಗ್ಯಾರೇಜಿನ ಮೇಸ್ತ್ರಿ ಮೂರು ಸುತ್ತು ಬಂದ. ವೈರುಗಳನ್ನೆಲ್ಲ ಇಲಿ ತಿಂದಿತ್ತು. ಹಾರ್ನು ಸತ್ತಿತ್ತು. ಕಾರ್ಬುರೇಟರಿನಲ್ಲಿ ಪೆಟ್ರೋಲು ಅಂಟಾಗಿ ಕೂತಿತ್ತು. ಪಿಸ್ಟನ್ನುಗಳು ಅಲ್ಲಾಡುತ್ತಿರಲಿಲ್ಲ.

"ಗಾಡಿ ಅಲ್ಲ ಸಾರ್, ಇದು ಅಸ್ಥಿಪಂಜರ. ನಿಮ್ಮ ಹತ್ರ ಎರಡು ಕಾಲಿದ್ರೆ ಕೊಡಿ, ನಡ್ಕೊಂಡೇ ಹೋಗ್ಲಿ."

ಮೇಸ್ತ್ರಿಗೆ ಒಂದು ನೇಮವಿತ್ತು. ಬಿಚ್ಚಿದ್ದೆಲ್ಲ ಅವನ ಹಳೆಯ ಅಲ್ಯೂಮಿನಿಯಂ ತಟ್ಟೆಗೆ ಬೀಳಬೇಕು. ಗಾಡಿ ಹೊರಡುವಾಗ ತಟ್ಟೆ ಬರಿದಾಗಿರಬೇಕು, ಗಾಡಿಯಲ್ಲಿ ಒಂದು ತೂತೂ ಖಾಲಿ ಉಳಿದಿರಬಾರದು. ಗೂಡಿನಲ್ಲಿ ಕೈಯಾಡಿಸುತ್ತ ಅವನು ಕಪ್ಪು ಬಟ್ಟೆಯ ಗಂಟನ್ನು ಎತ್ತಿಕೊಂಡ. ಬಿಚ್ಚಿದರೆ ಬೂದಿ, ಒಂದೆಳೆ ಉದ್ದ ಕೂದಲು, ನಡುವೆ ತುಕ್ಕಿನ ಸುಳಿವೇ ಇಲ್ಲದ ಬೋಲ್ಟು.

"ಕಂಪನಿ ಬೋಲ್ಟೇ ಸಾರ್! ಇದೇ ಜಾಗದ್ದು."

ತಮ್ಮ ನಗುತ್ತ ಮುದುಕಿಯ ಮಾತನ್ನು ಹೇಳಿದ. ಮೇಸ್ತ್ರಿಯ ಕೈ ಒಂದು ಕ್ಷಣ ತಡೆಯಿತು. "ತೂತು ಖಾಲಿ ಬಿಟ್ರೆ ನನಗೆ ಊಟ ಸೇರಲ್ಲ. ಏನ್ಮಾಡ್ಲಿ?"

"ಹಾಕಿ. ಮಾಟ ಬೋಲ್ಟಲ್ಲಿರಲ್ಲ ಮೇಸ್ತ್ರಿ, ತಲೇಲಿರುತ್ತೆ."

ಸ್ಪಾನರು ಸುತ್ತಿತು. ಬೋಲ್ಟು ಎಣ್ಣೆ ಹಚ್ಚದೆಯೇ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು.

ಮೊದಲು ಸರಿಯಾದದ್ದು ಹಾರ್ನು. ಬೆಳಿಗ್ಗೆ ಹನ್ನೊಂದಕ್ಕೆ ಮೇಸ್ತ್ರಿ ಒತ್ತಿ ತೋರಿಸಿದ. ಒರಟು ಸದ್ದಲ್ಲ, ಯಾರೋ ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡಂಥ ಮೆತ್ತನೆಯ ದನಿ. "ಎಷ್ಟು ಇಂಪಾಗಿದೆ ನೋಡಿ ಸಾರ್!" ಎಲ್ಲೋ ಕೇಳಿದ್ದೇನಲ್ಲ ಎಂದುಕೊಂಡ ತಮ್ಮ. ಅದೇ ಹನ್ನೊಂದಕ್ಕೆ, ನಿಲ್ದಾಣದಲ್ಲಿ, ಅಕ್ಕನ ದನಿ ಒಂದು ಬಸ್ಸಿನ ಹೆಸರಿನ ಅರ್ಧಕ್ಕೆ ನಿಂತುಹೋಗಿತ್ತು. ವೈದ್ಯರು ಗಂಟಲೊಳಗೆ ದೀಪ ಬಿಟ್ಟು ನೋಡಿದರು. ಮೂವತ್ತು ವರ್ಷದ ದಣಿವು, ವಿಶ್ರಾಂತಿ ಕೊಡಿ ಎಂದರು. ಅಕ್ಕ ಮೇಜನ್ನು ಒಮ್ಮೆ ಕುಟ್ಟಿ ನಕ್ಕಳು. ಬೇಕು.

ಮುಂದಿನ ವಾರ ಸರಿಯಾದದ್ದು ದೀಪಗಳು. ಆ ಮಧ್ಯಾಹ್ನ ಅಕ್ಕ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೈಯಿಂದ ತಡವತೊಡಗಿದಳು. ಕಣ್ಣು ತೆರೆದೇ ಇತ್ತು. ಕನ್ನಡಿಯಂತೆ ತಿಳಿಯಾಗಿತ್ತು. ವೈದ್ಯರಿಗೆ ಅದರಲ್ಲೂ ಏನೂ ಕಾಣಲಿಲ್ಲ.

ಎರಡು ದಿನ ತಮ್ಮ ಕೆಲಸಕ್ಕೆ ಹೋಗಲಿಲ್ಲ. ಅಕ್ಕನಿಗೆ ಉಣ್ಣಿಸಿದ, ತಲೆ ಬಾಚಿದ. ಅವಳ ಕೂದಲಿನ ಸಿಕ್ಕು ಬಿಡಿಸುವಾಗ ತಾನೆಷ್ಟು ದಣಿದಿದ್ದೇನೆ ಎಂಬುದು ಅವನಿಗೆ ಗೊತ್ತಾಯಿತು. ಮೂರನೆಯ ದಿನ ಮಧ್ಯಾಹ್ನ ಅಕ್ಕ ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು. ಕೈಯಾಡಿಸಿ ಪೆನ್ನು ಕೇಳಿದಳು. ಹಳೆಯ ಲಕೋಟೆಯ ಬೆನ್ನ ಮೇಲೆ ಸೊಟ್ಟಸೊಟ್ಟ ಅಕ್ಷರ ಬಿದ್ದವು.

ಕಾಣ್ತಿದೆ. ಹಸಿರು ಗೋಡೆ. ಹರಿದ ಕ್ಯಾಲೆಂಡರು. ಎಣ್ಣೆ ಕೈ ಗುರುತು.

ಅವರ ಮನೆಯ ಗೋಡೆ ಬಿಳಿ. ಹಸಿರು ಗೋಡೆಯಿದ್ದದ್ದು ಮೇಸ್ತ್ರಿಯ ಶೆಡ್ಡಿನಲ್ಲಿ, ಕಾರು ನಿಂತ ಜಾಗದ ಎದುರಿಗೆ. ತಮ್ಮ ಫೋನು ಒತ್ತಿದ.

"ಮೇಸ್ತ್ರಿ, ಈಗ ಏನ್ಮಾಡ್ತಿದೀರಿ?"

"ದೀಪ ಹಾಕಿ ನೋಡ್ತಿದೀನಿ ಸಾರ್. ಬ್ಯಾಟರಿ ಜೋರಾಗಿದೆ."

"ಆರಿಸಿ."

ಕ್ಲಿಕ್ ಎಂದಿತು. ಅಕ್ಕನ ಪೆನ್ನು ನಿಂತಿತು. ಅವಳ ಮುಖದ ಬೆಳಕು, ಊದಿದ ಹಣತೆಯಂತೆ, ಹೋಯಿತು.

ಪಕ್ಕದ ಮನೆಯಾಕೆಯನ್ನು ಅಕ್ಕನ ಬಳಿ ಕೂರಿಸಿ ಅವನು ಮುದುಕಿಯ ಮನೆಗೆ ಓಡಿದ. ಅವಳು ಪೆಟ್ಟಿಗೆಗಳ ನಡುವೆ ಕೂತಿದ್ದಳು. ಅವನ ಮುಖ ನೋಡಿದೊಡನೆ ಕೇಳಿದಳು: "ಹಾಕಿದ್ಯಾ?"

ಹೇಳಿದಳು. ಹೊಸತರಲ್ಲಿ ಆ ಕಾರಿಗೊಬ್ಬ ಮೆಕ್ಯಾನಿಕ್ ಇದ್ದ. ಅವನು ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದಾಗ, ಹೊತ್ತಾಯಿತೆಂದು ಅವಳ ಗಂಡ ಕಾರು ಹೊರಡಿಸಿಬಿಟ್ಟ. ಸತ್ತವನ ಮುಷ್ಟಿಯಲ್ಲಿ ಒಂದು ಬೋಲ್ಟು ಉಳಿದಿತ್ತು. ಮೆಕ್ಯಾನಿಕನ ತಾಯಿ ಅದಕ್ಕೆ ತನ್ನ ತಲೆಗೂದಲು ಸುತ್ತಿ, ಸುಟ್ಟು, ಮಂತ್ರಿಸಿ, ಅವಳೇ ಬಂದು ಅದರ ಜಾಗಕ್ಕೆ ಹಾಕಿಹೋದಳು.

"ಆ ಬೋಲ್ಟು ಇರೋವಾಗ ಏನು ರಿಪೇರಿ ಆದ್ರೂ, ಯಾರಿಗೋಸ್ಕರ ಮಾಡಿಸ್ತೀವೋ ಅವರಿಂದಾನೇ ತಗೊಳ್ಳುತ್ತೆ. ತಗೊಂಡಿದ್ದು ಕಾರೊಳಗೇ ಇರುತ್ತೆ. ನಾನು ನಮ್ಮೆಜಮಾನ್ರಿಗೋಸ್ಕರ ಮಾಡಿಸ್ದೆ." ಮುದುಕಿ ಪಕ್ಕದ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡಳು. "ಕೊನೇಲಿ ಎಂಜಿನ್ ಶುರುವಾಯ್ತು. ಅದು ಅವರ ಎದೆ ಅಂತ ನನಗೇನು ಗೊತ್ತು? ಶಬ್ದ ಜಾಸ್ತಿಯಾಯ್ತು ಅಂತ ನಾನೇ ಕೀ ತಿರುಗಿಸಿ ನಿಲ್ಲಿಸ್ದೆ. ಅವರು ಹೋದ್ಮೇಲೇ ಅದು ಬೋಲ್ಟು ಬಿಚ್ಚೋಕೆ ಬಿಟ್ಟಿದ್ದು."

"ಈಗ? ಈಗೇನ್ಮಾಡ್ಲಿ ಅಮ್ಮ?"

"ಎಂಜಿನ್ ಶುರುವಾಗೋಕ್ ಮುಂಚೆ ಬೋಲ್ಟು ಬಿಚ್ಚು. ಎಲ್ಲಾ ವಾಪಸ್ ಬರುತ್ತೆ. ಶುರುವಾದ್ಮೇಲೆ ಅದು ಬಿಡಲ್ಲ. ಓಡು!"

ಅವನು ಓಡಿದ. ಓಡುತ್ತಲೇ ಫೋನು ಮಾಡಿದ. ಅತ್ತ ರಿಂಗಾಯಿತು, ಆಗುತ್ತಲೇ ಇತ್ತು. ಶೆಡ್ಡಿನ ಗದ್ದಲದಲ್ಲಿ ಮೇಸ್ತ್ರಿಗೆ ಕೇಳಿಸುತ್ತಿಲ್ಲ. ಬಿಸಿಲು. ಬಸ್ಸುಗಳು. ನಿಲ್ದಾಣದ ಮೈಕಿನಲ್ಲಿ ಯಾರದೋ ಹೊಸ ದನಿ. ಎದುರಿಗೆ ಕೈಗಾಡಿ. ಹಾರಿದ. ಬಿದ್ದ. ಎದ್ದ. ಮೂಲೆ ತಿರುಗಿದ. ಮೇಸ್ತ್ರಿಯ ಶೆಡ್ಡಿನ ನೀಲಿ ಬಾಗಿಲು ಕಂಡಿತು.

"ಮೇಸ್ತ್ರೀ! ಬೇಡ!"

ಕಿರ್ರ್. ಕಿರ್ರ್. ಕಿರ್ರ್.

"ಮುಟ್ಬೇಡಿ!"

ಧಡ್. ನೀಲಿ ಹೊಗೆ. ಆಮೇಲೆ, ಸಮವಾಗಿ, ನಿಧಾನವಾಗಿ: ದುಡುಕ್, ದುಡುಕ್, ದುಡುಕ್.

ಮೇಸ್ತ್ರಿ ಬಾನೆಟ್ಟಿನ ಹಿಂದಿನಿಂದ ಎದ್ದುಬಂದ. "ಊಟಾನೂ ಬಿಟ್ಟು ಮಾಡ್ದೆ ಸಾರ್. ಅಕ್ಕೋರಿಗೆ ಹುಷಾರಿಲ್ಲ ಅಂದ್ರಲ್ಲ, ಖುಷಿಯಾಗ್ಲಿ ಅಂತ." ಅವನ ತಟ್ಟೆ ಬರಿದಾಗಿತ್ತು.

ಫೋನು ಬಂತು. ಪಕ್ಕದ ಮನೆಯಾಕೆ ಅಳುತ್ತಿದ್ದಳು. "ಅಕ್ಕ ಬಿದ್ಬಿಟ್ರು ತಮ್ಮಾ. ನಾಡಿ ಸಿಗ್ತಿಲ್ಲ. ಎದೆಗೆ ಕಿವಿ ಇಟ್ರೆ ಏನೂ ಇಲ್ಲ. ಆದ್ರೆ ಉಸಿರಾಡ್ತಿದಾರೆ, ಕೈ ಬಿಸಿ ಇದೆ, ಇದೇನಿದು..."

ಎಂಜಿನ್ನು ಒಮ್ಮೆ ಕೆಮ್ಮಿ ತಡವರಿಸಿತು.

"ಅಯ್ಯೋ, ಉಸಿರು ನಿಲ್ತು!"

ತಮ್ಮ ಕಾರಿನೊಳಗೆ ನುಗ್ಗಿ ಆಕ್ಸಿಲರೇಟರ್ ಒತ್ತಿದ. ದುಡುಕ್, ದುಡುಕ್.

"ಬಂತು, ಬಂತು..."

"ಬಿಸಿಯಾಗುತ್ತೆ ಸಾರ್, ಸ್ವಲ್ಪ ಆರ್ಲಿ," ಎಂದು ಮೇಸ್ತ್ರಿ ಕೀಯ ಕಡೆ ಕೈ ಚಾಚಿದ. ತಮ್ಮ ಆ ಎಣ್ಣೆಗೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅದರ ಮೇಲೆ ಹಣೆಯಿಟ್ಟು ಅತ್ತುಬಿಟ್ಟ.

ಬೋಲ್ಟಿಗೆ ಎಲ್ಲ ಸ್ಪಾನರುಗಳನ್ನೂ ಹಾಕಿ ನೋಡಿದರು. ಅದರ ತಲೆ ನದಿಯ ಕಲ್ಲಿನಂತೆ ನುಣ್ಣಗಾಗಿತ್ತು, ಹಿಡಿತವೇ ಇರಲಿಲ್ಲ.

ಅಕ್ಕನನ್ನು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿ ನಾಲ್ಕು ದಿನವಾಯಿತು. ಮೊದಲ ದಿನ ಅವನು ನಡುಹಗಲಲ್ಲಿ ದೀಪ ಉರಿಸಿಕೊಂಡು ಊರಾಚೆಯ ಸೇತುವೆಯವರೆಗೆ ಓಡಿಸಿದ್ದ. ಮರ, ನೀರು, ಎದುರು ಬಂದ ಬಸ್ಸು ಎಲ್ಲವೂ ಅಕ್ಕನಿಗೆ ಕಂಡವು. ಅವಳ ಮುಖ ಚಿಕ್ಕ ಹುಡುಗಿಯದಾಗಿತ್ತು. ಬಸ್ಸಿನವನಿಗೆ ಹಾರ್ನು ಹೊಡೆದಾಗ ಅವಳ ತುಟಿಯೂ ಅಲುಗಿತ್ತು. ಎರಡನೆಯ ದಿನ ಅವಳ ಕಾಲು ತಣ್ಣಗಾಯಿತು. ಈಗ ಹೊಗೆಯಿಂದ ಅವಳ ಕೂದಲು, ಸೀರೆ, ಉಸಿರು ಎಲ್ಲಕ್ಕೂ ಪೆಟ್ರೋಲಿನ ವಾಸನೆ. ಬೆರಳುಗಳನ್ನೂ ಎತ್ತಲಾರಳು. ಎಂಜಿನ್ನಿನ ಪ್ರತಿ ಬಡಿತಕ್ಕೂ ಅವಳ ಇಡೀ ಮೈ ಅದುರುತ್ತಿತ್ತು.

ಮೇಸ್ತ್ರಿ ನೀರು ಸುರಿಯುತ್ತ, ಅವನ ಮುಖ ನೋಡದೆ ಹೇಳಿದ: "ಆಯಿಲ್ ಕಪ್ಪಾಗಿದೆ ಸಾರ್. ಬದಲಾಯಿಸ್ಬೇಕಂದ್ರೆ ನಿಲ್ಲಿಸ್ಲೇಬೇಕು. ನಿಲ್ಲಿಸದಿದ್ರೂ ಇದು ಇನ್ನೆಷ್ಟು ದಿನ..."

"ಇನ್ನೊಂದ್ ದಿನ ಮೇಸ್ತ್ರಿ."

"ನಿನ್ನೇನೂ ಇದನ್ನೇ ಹೇಳಿದ್ರಿ."

ತಮ್ಮ ಪೆಟ್ರೋಲಿನ ಕ್ಯಾನು ಎತ್ತಿದ. ಅವನ ತೋಳಿನಲ್ಲಿ ಶಕ್ತಿ ಉಳಿದಿರಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಓಡುತ್ತಿರುವ ಗಾಡಿಗೆ ಪೆಟ್ರೋಲು ಹುಯ್ಯಬಾರದು ಎಂದು ಗೋಡೆಯ ಮೇಲೆ ಮೇಸ್ತ್ರಿಯೇ ದಪ್ಪಕ್ಷರದಲ್ಲಿ ಬರೆದಿದ್ದ. ಹುಯ್ದ.

ಆಗ ಹಾರ್ನು ಕೂಗಿತು.

ಮೇಸ್ತ್ರಿ ರೇಡಿಯೇಟರಿನ ಬಳಿಯಿದ್ದ. ತಮ್ಮ ಟ್ಯಾಂಕಿನ ಬಳಿ. ಸ್ಟಿಯರಿಂಗಿನ ಮುಂದೆ ಯಾರೂ ಇರಲಿಲ್ಲ. ಅಕ್ಕನ ಕೈಗಳು ಮಡಿಲಲ್ಲಿದ್ದವು.

ಚಿಕ್ಕದಾಗಿ, ಮೆತ್ತಗೆ, ತಟ್ಟೆಯ ಅಂಚನ್ನು ಕುಟ್ಟಿದಷ್ಟೇ. ಒಂದು ಸಲ.

ಬೇಕು. ತಮ್ಮ ತಡೆಹಿಡಿದಿದ್ದ ಉಸಿರು ಬಿಟ್ಟ. ಬೇಕು ಎನ್ನುತ್ತಿದ್ದಾಳೆ.

ಮತ್ತೊಂದು ಸಲ.

ಮೇಸ್ತ್ರಿ ಅವನತ್ತ ನೋಡಿದ. ತಮ್ಮ ಯಾರತ್ತಲೂ ನೋಡಲಿಲ್ಲ. ಎಂಜಿನ್ನಿನ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ ಎಂಬಂತೆ ತಲೆ ತಗ್ಗಿಸಿ, ಕ್ಯಾನನ್ನು ಇನ್ನೂ ಸ್ವಲ್ಪ ಬಗ್ಗಿಸಿದ. ಹಾರ್ನು ಮತ್ತೆ ಕೂಗಿತು. ಎರಡು ಸಲ. ಮತ್ತೆ ಎರಡು ಸಲ. ಅವನು ಹುಯ್ಯುತ್ತಲೇ ಇದ್ದ.