ಹಿಂದಕ್ಕೆ ನೂರು ಮೀಟರ್

ತಿರುವಿನಲ್ಲಿ ಎರಡು ಗಾಡಿಗಳು ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಬಂದು ನಿಂತವು. ಎಡಕ್ಕೆ ಬಂಡೆ, ಬಲಕ್ಕೆ ಇಯಾ ಎಂಬ ಆಳವಾದ ಕಣಿವೆ, ನಡುವೆ ಒಂದೇ ಗಾಡಿಗೆ ಸಾಕಾಗುವಷ್ಟು ರಸ್ತೆ.

“ನೋಡಿದ್ಯಾ? ಬೆಳಿಗ್ಗೆಯಿಂದ ಬಡ್ಕೋತಾನೇ ಇದೀನಿ,” ಪಕ್ಕದ ಸೀಟಿನಲ್ಲಿದ್ದ ಅಪ್ಪ ಶುರು ಮಾಡಿದರು. “ಮ್ಯಾಪು ಸುರಂಗದ ರಸ್ತೆ ತೋರಿಸ್ತಿದ್ರೆ ನೀನು ಈ ಮೇಕೆ ದಾರಿ ಹಿಡಿದೆ.”

“ಅಜ್ಜಿಗೆ ಬೆಟ್ಟದ ಮರಗಳ ಕೆಂಪೆಲೆ ನೋಡ್ಬೇಕಿತ್ತಲ್ಲಪ್ಪಾ,” ಎಂದಳು ಇಜುಮಿ.

“ನಾನ್ಯಾವಾಗ ಕೇಳಿದೆ?” ಹಿಂದಿನ ಸೀಟಿನಿಂದ ಅಜ್ಜಿಯ ದನಿ ಬಂತು. ಬಾಯಿಯ ಹತ್ತಿರ ಪ್ಲಾಸ್ಟಿಕ್ ಕವರು. “ಬೆಟ್ಟ ಹತ್ತಿದ್ರೆ ನನಗೆ ಹೊಟ್ಟೆ ತೊಳಸುತ್ತೆ ಅಂತ ಬೀದಿಗೆಲ್ಲ ಗೊತ್ತು.”

ಅಮ್ಮ ಅಜ್ಜಿಯ ಬೆನ್ನು ನೀವುತ್ತಾ, ಕನ್ನಡಿಯಲ್ಲಿ ಮಗಳ ಮುಖವನ್ನೇ ನೋಡುತ್ತಿದ್ದಳು.

ಆ ಮುಖದಲ್ಲಿ ಬೆಳಿಗ್ಗೆಯಿಂದ ನೆಮ್ಮದಿಯಿರಲಿಲ್ಲ. ಒಸಾಕಾ ಬಿಟ್ಟು ಸಮುದ್ರದ ಸೇತುವೆ ದಾಟಿದ ಮೇಲೆ ಇಜುಮಿ ಬುತ್ತಿಯ ಅನ್ನದ ಉಂಡೆಯನ್ನೂ ಮುಟ್ಟಿರಲಿಲ್ಲ. ಬೆಟ್ಟ ಹತ್ತತೊಡಗಿದ ಮೇಲೆ ಪ್ರತಿ ತಿರುವಿನಲ್ಲೂ ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಎದುರಿಗೆ ಪುಟ್ಟ ಬಿಳಿ ಟ್ರಕ್ ಕಂಡರೆ ಕಣ್ಣು ಅದರ ಚಾಲಕನ ಮೇಲೆ. ಒಂದರಲ್ಲಿ ಮುದುಕ, ಇನ್ನೊಂದರಲ್ಲಿ ಮೂಲಂಗಿ ತುಂಬಿಕೊಂಡ ಹೆಂಗಸು. ಈಗ ಮೂರನೆಯದು. ಅದರ ಬೆನ್ನಿನ ಮೇಲೆ ಆಳೆತ್ತರದ ಒಣಹುಲ್ಲಿನ ಕಟ್ಟುಗಳು.

ಚಾಲಕ ಇಳಿದ. ತಲೆಗೆ ಟವೆಲು, ಎಡಭುಜ ಚೂರು ಇಳಿಸಿಕೊಂಡು ನಡೆಯುವ ಆ ನಡಿಗೆ. ಇಜುಮಿಯ ಕೈ ಸ್ಟಿಯರಿಂಗಿಗೆ ಅಂಟಿಕೊಂಡಿತು.

ಅವನು ಕಣಿವೆಯ ಅಂಚಿನಲ್ಲೇ ಬಂದು ಕಿಟಕಿಗೆ ಬಾಗಿದ. “ಮೇಡಂ, ನಿಮ್ಮ ಹಿಂದೆ ನೂರು ಮೀಟರಿಗೆ ಅಗಲ ಜಾಗ ಇದೆ. ಸ್ವಲ್ಪ ರಿವರ್ಸ್…”

ಮಾತು ಅಲ್ಲೇ ನಿಂತಿತು. ಶೋಗೊನ ಕಣ್ಣು ಅವಳ ಹುಬ್ಬಿನಿಂದ ಇಳಿದು, ತುಟಿಯ ಹತ್ತಿರ ಬಂದು, ಹಿಂದಿನ ಸೀಟಿನ ಇಬ್ಬರು ಹೆಂಗಸರನ್ನು ಕಂಡು ತಟ್ಟನೆ ರಸ್ತೆಯತ್ತ ತಿರುಗಿತು.

ಒಸಾಕಾದಲ್ಲಿ ಮೂರು ವರ್ಷ ಇಬ್ಬರೂ ಜೊತೆಯಾಗಿ ಓಡಾಡಿದ್ದರು. ಇಜುಮಿ ಔಷಧಿ ಅಂಗಡಿಯಲ್ಲಿದ್ದಳು, ಅವನು ಕಟ್ಟಡದ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದ. ಒಂದು ವಸಂತದಲ್ಲಿ ಅವನು ಕೆಲಸ ಬಿಟ್ಟು, ಮನೆಗಳಿಗೆ ಹುಲ್ಲಿನ ಸೂರು ಹೊದಿಸುವ ವಿದ್ಯೆ ಕಲಿಯಲು ಈ ಕಣಿವೆಗೆ ಹೊರಟ. ಬಸ್ಸಿನ ಮೆಟ್ಟಿಲ ಮೇಲೆ ನಿಂತು “ನೀನೂ ಬರ್ತೀಯಾ?” ಎಂದು ಕೇಳಿದ. ಅವಳು “ನೋಡೋಣ” ಅಂದಳು. ಅದಕ್ಕೀಗ ಎರಡೂವರೆ ವರ್ಷ. ತಾನೇ ಹೊದಿಸಿದ ಮೊದಲ ಸೂರಿನ, ಅದರೆದುರು ನಿಂತ ತನ್ನ ಪುಟ್ಟ ಬಿಳಿ ಟ್ರಕ್ಕಿನ ಫೋಟೊ ಕಳಿಸಿದ್ದ. ಉತ್ತರ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಅವಳು ಕಳಿಸಲೇ ಇಲ್ಲ. ಆಮೇಲೆ ಅವನೂ ಸುಮ್ಮನಾದ. ಈಗ ಫೋನ್ ಮಾಡುವ ಮುಖವಿರಲಿಲ್ಲ. ಎದುರಾಗಿಬಿಟ್ಟರೆ ಬಾಯಿ ತಾನಾಗಿ ತೆರೆದುಕೊಳ್ಳಬಹುದು ಎಂದು, ಅಜ್ಜಿಯ ನೆಪ ಮಾಡಿ ಮನೆಯವರನ್ನೆಲ್ಲ ಕಾರಿಗೆ ತುಂಬಿಕೊಂಡು ಬಂದಿದ್ದಳು.

ಈಗ ಎದುರಾದ ಮೇಲೆ ಅವಳು ಕನ್ನಡಿಯನ್ನು ಸುಮ್ಮನೆ ಅತ್ತಿತ್ತ ತಿರುಗಿಸಿದಳು.

“ಇವಳಿಗೆ ರಿವರ್ಸ್ ಬರಲ್ಲಪ್ಪ,” ಅಪ್ಪ ಆಗಲೇ ಬೆಲ್ಟ್ ಬಿಚ್ಚುತ್ತಿದ್ದರು. “ನನಗೂ ಈ ರಸ್ತೇಲಿ ಧೈರ್ಯ ಇಲ್ಲ. ನೀವೇ ಸ್ವಲ್ಪ ತೆಗೆದುಕೊಡ್ತೀರಾ? ನಾನು ಹಿಂದೆ ನಿಂತು ದಾರಿ ತೋರಿಸ್ತೀನಿ.”

ಅಪ್ಪ ಇಳಿದುಹೋದರು. ಇಜುಮಿ ಪಕ್ಕದ ಸೀಟಿಗೆ ಸರಿದಳು. ಶೋಗೊ ಚಾಲಕನ ಜಾಗದಲ್ಲಿ ಕೂತ. ಒಣಹುಲ್ಲಿನ, ಬಿಸಿಲಿನ ವಾಸನೆ ಅವನ ಜೊತೆಗೇ ಒಳಗೆ ಬಂತು. ಹಿಂದೆ ನೋಡಲು ಎಡಗೈಯನ್ನು ಅವಳ ಸೀಟಿನ ಬೆನ್ನಿಗೆ ಚಾಚಿದ. ಅವಳ ಕತ್ತಿಗೂ ಅವನ ಮಣಿಕಟ್ಟಿಗೂ ನಡುವೆ ಒಂದು ಬೆರಳಿನಷ್ಟು ಜಾಗ. ಅವನ ಕಣ್ಣು ಹಿಂದಿನ ಗಾಜಿಗೆ ಹೋಗುವ ದಾರಿಯಲ್ಲಿ ಅವಳ ಕೆನ್ನೆಯ ಮೇಲೆ ಒಂದು ಕ್ಷಣ ಎಡವಿತು.

“ಇಜು, ಬೆಲ್ಟು,” ಎಂದ, ಅಭ್ಯಾಸಬಲದಿಂದ.

ಹಿಂದೆ ಅಮ್ಮನ ಕೈ ಅಜ್ಜಿಯ ಬೆನ್ನ ಮೇಲೆಯೇ ನಿಂತಿತು. “ಇವಳ ಹೆಸರು ನಿಮಗೆ…?”

“ಗಾಡಿ ನಡೆಸೋರ ಜೊತೆ ಮಾತಾಡ್ಬೇಡ ಕಣೇ, ಪಕ್ಕದಲ್ಲೇ ಪ್ರಪಾತ ಇದೆ,” ಎಂದಳು ಅಜ್ಜಿ.

ಕಾರು ಇಂಚಿಂಚಾಗಿ ನೂರು ಮೀಟರ್ ಹಿಂದಕ್ಕೆ ಸರಿಯಿತು. ಹೊರಗೆ ಅಪ್ಪ ಎರಡೂ ಕೈ ಬೀಸುತ್ತಾ “ಬನ್ನಿ, ಬನ್ನಿ” ಎಂದು ಕೂಗುತ್ತಿದ್ದರು.

ಅಗಲ ಜಾಗದಲ್ಲಿ ಕಾರು ನಿಲ್ಲಿಸಿ ಶೋಗೊ ಇಳಿದ. ಅಪ್ಪ ಅವನ ಕೈಗೆ ಎರಡು ಕಿತ್ತಳೆ ತುರುಕಿದರು. ಅವನು ಬಾಗಿ ವಂದಿಸಿ, ತನ್ನ ಟ್ರಕ್ಕಿನತ್ತ ಸರಸರ ನಡೆದ. ಇಜುಮಿ ಹಿಂದೆಯೇ ಓಡಿದಳು.

“ಶೋಗೊ, ನಿಂತ್ಕೋ.”

ಅವನು ನಿಲ್ಲಲಿಲ್ಲ, ನಡಿಗೆ ಮಾತ್ರ ನಿಧಾನವಾಯಿತು. “ಪ್ರವಾಸ ಬಂದ್ರಾ? ಎಷ್ಟು ದಿನ?”

“ಎರಡು ದಿನ. ನಿನ್ನನ್ನ ನೋಡೋಕೇ ಬಂದೆ. ಮೂರು ತಿಂಗಳಿಂದ ಈ ರಸ್ತೆ ನೋಡಿಟ್ಟಿದ್ದೆ.”

“ಎರಡು ದಿನಕ್ಕೆ ಬಂದೋಳಿಗೆ ನಾನೇನು ಹೇಳ್ಲಿ, ಇಜು?” ಅವನ ದನಿಯಲ್ಲಿ ಕೋಪಕ್ಕಿಂತ ಆಯಾಸವಿತ್ತು. “ಮೊದಲನೇ ಚಳಿಗಾಲ ಪೂರ್ತಿ ಫೋನು ದಿಂಬಿನ ಕೆಳಗೆ ಇಟ್ಕೊಂಡು ಮಲಗಿದೆ. ಎರಡನೇದಕ್ಕೆ ಸೂರಿನ ಮೇಲೆ ಎಷ್ಟು ದುಡೀಬಹುದೋ ಅಷ್ಟು ದುಡಿದೆ, ಬಿದ್ದ ತಕ್ಷಣ ನಿದ್ದೆ ಬರ್ಲಿ ಅಂತ.”

“ತಪ್ಪಾಯ್ತು.”

“ಅದಲ್ಲ.” ಅವನು ತಿರುಗಿ ನಿಂತ. “ಈಗ ನಿಮ್ಮಪ್ಪ ನನಗೆ ಕಿತ್ತಳೆ ಕೊಟ್ರಲ್ಲ, ಯಾರಿಗೆ ಅಂತ ಕೊಟ್ರು? ದಾರೀಲಿ ಸಿಕ್ಕಿದ ಯಾರೋ ಒಬ್ಬನಿಗೆ. ಮೂರು ವರ್ಷ ಜೊತೆಗಿದ್ವಿ. ನಿನ್ನ ಮನೇಲಿ ನನ್ನ ಹೆಸರು ಒಂದ್ಸಲನಾದ್ರೂ ಹೇಳಿದೀಯಾ?”

ಅವಳು ಕಾರಿನತ್ತ ತಿರುಗಿ ನೋಡಿದಳು. ಅವನು ಟ್ರಕ್ಕಿನ ಕಡೆಗೆ ಹೋದ. ಈ ಸಲ ಅವಳು ಹಿಂದೆ ಹೋಗಲಿಲ್ಲ. ತಿರುಗಿ ಕಾರಿನತ್ತ ಓಡಿದಳು. ಅವನು ಗಾಡಿ ತಿರುವಿನಿಂದ ಇಳಿಸಿಕೊಂಡು ಬರುವಷ್ಟು ಹೊತ್ತು ಮಾತ್ರ ಅವಳಿಗಿತ್ತು.

“ಅಪ್ಪಾ, ಅಮ್ಮಾ.” ಚಾಲಕನ ಸೀಟಿನಲ್ಲಿ ಕೂತು, ಪಕ್ಕದ ಸೀಟಿಗೆ ಮರಳಿ ಕಿತ್ತಳೆ ಸುಲಿಯುತ್ತಿದ್ದ ಅಪ್ಪನತ್ತ, ಹಿಂದಿದ್ದ ಅಮ್ಮನತ್ತ ತಿರುಗಿದಳು. “ಅವನು ಶೋಗೊ. ಒಸಾಕಾದಲ್ಲಿ ಮೂರು ವರ್ಷ… ನಾನು ಅವನನ್ನ ಪ್ರೀತಿಸ್ತೀನಿ. ಈಗಲೂ. ಕಣಿವೆ ಕೆಳಗಿನ ಪೇಟೇಲಿ ಔಷಧಿ ಅಂಗಡಿ ಇದೆ, ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಿಕ್ಕಿದೆ. ಜನವರಿಯಿಂದ. ಅವನು ಬೇಡ ಅಂದ್ರೂ ಬರ್ತೀನಿ.”

ಅಪ್ಪನ ಬಾಯಿಗೆ ಹೋಗುತ್ತಿದ್ದ ಕಿತ್ತಳೆ ತೊಳೆ ಅರ್ಧದಲ್ಲೇ ನಿಂತಿತು.

“ಮೂರು ವರ್ಷ ನನ್ನ ಎದುರಿಗೇ ಕೂತು ಊಟ ಮಾಡಿದೀಯ,” ಅಮ್ಮನ ದನಿ ನಡುಗಿತು. “ಒಂದು ಮಾತು?”

“ಹೇಳಿದ್ರೆ ನಿಜ ಆಗಿಬಿಡ್ತಿತ್ತಮ್ಮ. ಅವನ ಹಿಂದೆ ಹೋಗ್ಲೇಬೇಕಾಗ್ತಿತ್ತು. ಹೆದರಿಕೆ ಆಯ್ತು.”

“ಈಗ ಹೆದರಿಕೆ ಇಲ್ವಾ?” ಅಪ್ಪ ಕೇಳಿದರು.

“ಇದೆ. ಬೆಳಿಗ್ಗೆಯಿಂದ ಕೈ ನಡುಗ್ತಾನೇ ಇದೆ.”

“ಅದಕ್ಕೇ ಗಾಡಿ ಹಾಗೆ ಕುಲುಕಿದ್ದು,” ಎಂದಳು ಅಜ್ಜಿ. “ನನ್ನ ಹೊಟ್ಟೇದೇನೂ ತಪ್ಪಿಲ್ಲ.”

ಅಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು, ನಗುತ್ತಲೇ ಮುಖ ಕಿಟಕಿಯತ್ತ ತಿರುಗಿಸಿಕೊಂಡಳು. ಪೂರ್ತಿ ಕ್ಷಮಿಸಿದಂತೆ ಕಾಣಲಿಲ್ಲ.

ಬಿಳಿ ಟ್ರಕ್ ಇಳಿದು ಬಂತು. ಅಗಲ ಜಾಗವೂ ಅಂಥ ಅಗಲವಿರಲಿಲ್ಲ. ಹುಲ್ಲಿನ ಕಟ್ಟು ಕಾರಿನ ಕನ್ನಡಿಯನ್ನು ಸವರುವಂತಿತ್ತು. ಎರಡು ಕಿಟಕಿಗಳು ಎದುರುಬದುರಾದವು. ಶೋಗೊ ಮುಂದೆ ನೋಡುತ್ತಲೇ ಇದ್ದ. ತಲೆ ಬಾಗಿಸಿ ದಾಟಿಹೋಗುವುದರಲ್ಲಿದ್ದ.

ಅಪ್ಪ ಮಗಳ ಮೇಲಿಂದಲೇ ಕಿಟಕಿಗೆ ಬಗ್ಗಿದರು. ಅಂಗಿಯ ಕಾಲರ್ ಸರಿಮಾಡಿಕೊಂಡರು.

“ಶೋಗೊ ಅವರೇ.”

ಟ್ರಕ್ ಗಕ್ಕನೆ ನಿಂತಿತು.

“ನಾನು ಇಜುಮಿಯ ಅಪ್ಪ,” ಎಂದು ಅವರು ಕೂತಲ್ಲೇ ಎಷ್ಟು ಬಾಗಲಾದೀತೋ ಅಷ್ಟು ಬಾಗಿದರು. “ತಡವಾಗಿ ಪರಿಚಯ ಆಗ್ತಿದೆ, ಕ್ಷಮಿಸಿ. ಇವತ್ತು ಸಾಯಂಕಾಲ ನಮ್ಮ ಜೊತೆ ಊಟಕ್ಕೆ ಬರ್ತೀರಾ? ನಿಮ್ಮ ಬಗ್ಗೆ ಕೇಳೋದು ಬಹಳ ಇದೆ.”

ಶೋಗೊ ತಲೆಯ ಟವೆಲು ಎಳೆದು ತೆಗೆದ. ಬಾಗಲು ಹೋಗಿ ಸ್ಟಿಯರಿಂಗಿಗೆ ಹಣೆ ಬಡಿದುಕೊಂಡ. ತಲೆಯೆತ್ತಿದಾಗ ಅವನ ಕಣ್ಣು ಅಪ್ಪನನ್ನು ದಾಟಿ ಇಜುಮಿಯ ಮೇಲೆ ನಿಂತಿತು. ಈ ಸಲ ಎಲ್ಲಿಗೂ ತಿರುಗಲಿಲ್ಲ.

“ಹೇಳಿಬಿಟ್ಯಾ?” ಬರೀ ತುಟಿಯಲ್ಲಿ ಕೇಳಿದ.

ಅವಳು ಹೂಂಗುಟ್ಟಿದಳು. ಕೈ ಇನ್ನೂ ನಡುಗುತ್ತಲೇ ಇತ್ತು. ಅದನ್ನೇ ಕಿಟಕಿಯಿಂದ ಹೊರಗೆ ಚಾಚಿದಳು. ಹುಲ್ಲು ಗೀರಿ ಒರಟಾದ ಅವನ ಬೆರಳುಗಳು ಬಂದು ಅದನ್ನು ಹಿಡಿದುಕೊಂಡವು.

ಹಿಂದಿನ ತಿರುವಿನಿಂದ ಯಾರದೋ ಕಾರು ಬಂದು ನಿಂತು ಒಂದು ಸಲ ಹಾರ್ನ್ ಹಾಕಿತು, ಆಮೇಲೆ ಇನ್ನೊಂದು ಸಲ.

“ಕಾಯ್ಲಿ ಬಿಡು,” ಎಂದಳು ಅಮ್ಮ.